ಐದು ಪಂದ್ಯ ಗೋಲಿಲ್ಲದ ಸ್ಟ್ರೈಕರ್

ಫುಟ್‌ಬಾಲ್‌ನಲ್ಲಿ ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಸ್ಟ್ರೈಕರ್ ಐದು ಪಂದ್ಯ ಗೋಲು ಹೊಡೆಯದಿದ್ದರೆ ಗ್ಯಾಲರಿ ಬೈಯತೊಡಗುತ್ತದೆ. ಬೈಯುವ ಮುಂಚೆ ಹಾವು-ಏಣಿ ಆಟದ ಒಂದು ದಾಳ, ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ದಾಳವನ್ನು ಮೂರು ಸಲ ಉರುಳಿಸಿದರೆ ಒಂದು ಪಂದ್ಯ. ಒಂದೊಂದು ಉರುಳೂ ನಿಮ್ಮ ನೆಚ್ಚಿನ ಸ್ಟ್ರೈಕರ್ ಗೋಲಿನತ್ತ ಒದ್ದ ಒಂದು ಹೊಡೆತ. ಆರು ಬಿದ್ದರೆ ಗೋಲು. ಬೇರೆ ಏನು ಬಿದ್ದರೂ ಚೆಂಡು ಹೊರಗೆ, ಇಲ್ಲವೇ ಕೀಪರ್ ಕೈಗೆ. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಒಂದು ಸೀಸನ್ನಿಗೆ 38 ಪಂದ್ಯ, ಅಂದರೆ 114 ಉರುಳು. ಗೋಲಾದ ಪಂದ್ಯಕ್ಕೆ ಹಾಳೆಯಲ್ಲಿ ಒಂದು ಗೀಟು, ಇಲ್ಲದಿದ್ದರೆ ಸೊನ್ನೆ.

ಈ ದಾಳ ಒಂದು ಸೀಸನ್ನಿಗೆ ಸರಾಸರಿ 19 ಗೋಲು ಹೊಡೆಯುತ್ತದೆ. ಅಷ್ಟು ಗೋಲು ತರುವ ಸ್ಟ್ರೈಕರ್‌ನನ್ನು ಯಾವ ತಂಡವೂ ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ಳುತ್ತದೆ. ಈಗ ಹಾಳೆಯ ಸೊನ್ನೆಗಳನ್ನು ನೋಡಿ. ಒಂದು ಪಂದ್ಯ ಖಾಲಿ ಹೋಗುವ ಸಾಧ್ಯತೆ ಶೇ 58. ಸಾಲಾಗಿ ಐದು ಪಂದ್ಯ ಖಾಲಿ ಹೋಗುವ ಸಾಧ್ಯತೆ ಶೇ 6.5. ಇದು ತೀರಾ ಅಪರೂಪ ಅನ್ನಿಸಬಹುದು. ಆದರೆ ಆ ಐದು ಪಂದ್ಯಗಳ ಸಾಲು ಸೀಸನ್ನಿನಲ್ಲಿ ಎಲ್ಲಿ ಬೇಕಾದರೂ ಶುರುವಾಗಬಹುದಲ್ಲ! ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ, 38 ಪಂದ್ಯಗಳಲ್ಲಿ ಒಮ್ಮೆಯಾದರೂ ಐದು ಪಂದ್ಯಗಳ ಬರ ಬೀಳುವ ಸಾಧ್ಯತೆ ಶೇ 68ರಷ್ಟಿದೆ. ಮೂರು ಸೀಸನ್ ಆಡಿದರೆ ಎರಡರಲ್ಲಿ ಬರ ಖಚಿತ ಎನ್ನುವಷ್ಟು. ದಾಳಕ್ಕೆ ಸೋಮಾರಿತನ ಬಂದಿಲ್ಲ, ಸಂಬಳ ಹೆಚ್ಚಾಗಿ ತಲೆ ತಿರುಗಿಲ್ಲ, ಅದರ ಆರು ಮುಖಗಳೂ ಮೊದಲಿನಂತೆಯೇ ಇವೆ. ಆದರೂ ಬರ ಬಂತು. ನಿಜವಾದ ಆಟದಲ್ಲಿ ಸುಮಾರು ಹತ್ತು ಹೊಡೆತಕ್ಕೆ ಒಂದು ಗೋಲು ಬರುವುದರಿಂದ, ಆರಕ್ಕೊಂದು ಗೋಲು ಕೊಡುವ ನಮ್ಮ ದಾಳ ಉದಾರಿಯೇ ಸರಿ.

ಫುಟ್‌ಬಾಲ್‌ನಲ್ಲಿ ಗೋಲು ಅಪರೂಪದ ಘಟನೆ. ಅಪರೂಪದ ಘಟನೆಗಳು ಸಮ ಅಂತರದಲ್ಲಿ ಬರುವುದಿಲ್ಲ. ಕೆಲವು ಒಟ್ಟೊಟ್ಟಿಗೆ ಬರುತ್ತವೆ, ನಡುವೆ ದೊಡ್ಡ ದೊಡ್ಡ ಖಾಲಿ ಬೀಳುತ್ತದೆ. ಆ ಖಾಲಿಯನ್ನು ನಮ್ಮ ಮನಸ್ಸು ಹಾಗೇ ಬಿಡದೆ ಕಾರಣ ಹುಡುಕುತ್ತದೆ, ಕೈಗೆ ಸಿಗುವ ಮೊದಲ ಕಾರಣ ಆಟಗಾರನ ಚಾರಿತ್ರ್ಯ. 1999ರ ಆಗಸ್ಟ್‌ನಲ್ಲಿ ಯುವೆಂಟಸ್‌ನಿಂದ ಆರ್ಸೆನಲ್‌ಗೆ ಬಂದ ಥಿಯೆರಿ ಆನ್ರಿ ಮೊದಲ ಎಂಟು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಯುವೆಂಟಸ್‌ನಲ್ಲಿ ಮೈದಾನದ ಅಂಚಿನಲ್ಲಿ ಆಡುತ್ತಿದ್ದ ಅವರನ್ನು ಆರ್ಸೆನಲ್ ಕೋಚ್ ಆರ್ಸೆನ್ ವೆಂಗರ್ ಮಧ್ಯಕ್ಕೆ ತಂದು ನಿಲ್ಲಿಸಿದ್ದರು. ಆನ್ರಿ ಕಾಲಿನ ಕೋನ, ಓಟದ ದಿಕ್ಕು, ಎಲ್ಲವನ್ನೂ ಹೊಸದಾಗಿ ಕಲಿಯಬೇಕಿತ್ತು. ಸೆಪ್ಟೆಂಬರ್ 18ರಂದು ಸೌತಾಂಪ್ಟನ್ ವಿರುದ್ಧ ಬದಲಿ ಆಟಗಾರನಾಗಿ ಇಳಿದು ಮೊದಲ ಗೋಲು ಹೊಡೆದರು. ಆ ಸೀಸನ್ ಮುಗಿಯುವಾಗ ಅವರ ಲೆಕ್ಕದಲ್ಲಿ 26 ಗೋಲುಗಳಿದ್ದವು. ಕ್ಲಬ್ಬಿನ ಪರ ಅವರು ಹೊಡೆದ ಒಟ್ಟು 228 ಗೋಲುಗಳು ಆರ್ಸೆನಲ್‌ನ ದಾಖಲೆ.

"ಬೈದದ್ದಕ್ಕೇ ಸರಿಹೋದ" ಎಂಬ ಮಾತನ್ನು ಗ್ಯಾಲರಿಯಲ್ಲಿ ಕೂತವರೆಲ್ಲ ಕೇಳಿರುತ್ತಾರೆ. ಈ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಇಸ್ರೇಲಿನ ವಾಯುಪಡೆಯ ತರಬೇತುದಾರರ ಮಧ್ಯೆ ಕಂಡುಕೊಂಡರು. ವಿಮಾನ ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಗದರಿದರೆ ಮುಂದಿನ ಸಲ ಸುಧಾರಿಸುತ್ತಾನೆ. ಆದ್ದರಿಂದ ಗದರುವುದೇ ಮೇಲು ಎಂದು ಒಬ್ಬ ತರಬೇತುದಾರ ವಾದಿಸಿದರು. ಅವರು ಕಂಡದ್ದು ನಿಜ, ಕೊಟ್ಟ ಕಾರಣ ತಪ್ಪು. ಅತಿ ಕೆಟ್ಟ ಪ್ರದರ್ಶನದಲ್ಲಿ ದುರದೃಷ್ಟದ ಪಾಲೂ ಇರುತ್ತದೆ. ಮುಂದಿನ ಸಲ ಆ ದುರದೃಷ್ಟ ಮತ್ತೆ ಅಷ್ಟೇ ಬರುವ ಸಾಧ್ಯತೆ ಕಡಿಮೆ. ಹಾಗಾಗಿ ಗದರಿದರೂ ಗದರದಿದ್ದರೂ ಪ್ರದರ್ಶನ ಸರಾಸರಿಯ ಕಡೆಗೆ ಮರಳುತ್ತದೆ. ನಾವು ಆಟಗಾರನನ್ನು ಬೈಯುವುದು ಅವನು ತೀರಾ ಕೆಳಗಿರುವಾಗಲೇ ಆದ್ದರಿಂದ, ಬೈಗುಳದ ಬೆನ್ನಿಗೇ ಸುಧಾರಣೆ ಕಾಣುತ್ತದೆ. ಬೈಗುಳಕ್ಕೆ ಸಿಗಬಾರದ ಶ್ರೇಯ ಸಿಗುತ್ತದೆ.

ಹಾಗಿದ್ದರೆ ಆಟಗಾರನನ್ನು ಅಳೆಯಲೇಬಾರದೇ? ಅಳೆಯಬೇಕು, ಗೋಲಿನಿಂದ ಅಲ್ಲ, ಅಷ್ಟೇ. ಮೊದಲು ಎಣಿಸಬೇಕಾದ್ದು ಹೊಡೆತಗಳನ್ನು, ಅದರಲ್ಲೂ ಗೋಲಿನ ಮುಂದಿನ ಪೆನಾಲ್ಟಿ ಆವರಣದ ಒಳಗಿನಿಂದ ಹೊಡೆದವನ್ನು. ಈಗ ಟಿವಿ ಪರದೆಯ ಮೇಲೆ ಕಾಣುವ 'ಎಕ್ಸ್‌ಜಿ', ಅಂದರೆ ನಿರೀಕ್ಷಿತ ಗೋಲು, ಇದೇ ಕೆಲಸ ಮಾಡುತ್ತದೆ. ಹಿಂದಿನ ಸಾವಿರಾರು ಹೊಡೆತಗಳನ್ನು ನೋಡಿ, ಈ ಜಾಗದಿಂದ, ಈ ಕೋನದಲ್ಲಿ, ಕಾಲಿನಿಂದಲೋ ತಲೆಯಿಂದಲೋ ಹೊಡೆದದ್ದು ಎಷ್ಟು ಸಲ ಗೋಲಾಗಿದೆ ಎಂದು ಒಂದೊಂದು ಹೊಡೆತಕ್ಕೂ ಬೆಲೆ ಕಟ್ಟುತ್ತದೆ. ಪೆನಾಲ್ಟಿಯ ಬೆಲೆ 0.75ರಿಂದ 0.8ರ ಆಸುಪಾಸು. ಆವರಣದ ಹೊರಗಿನಿಂದ ಬೀಸಿದ ಹೊಡೆತಕ್ಕೆ ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ. ಹತ್ತು ಪಂದ್ಯಗಳ ಎಕ್ಸ್‌ಜಿ ಕೂಡಿಸಿದಾಗ 5 ಬಂದು ಗೋಲು 2 ಆಗಿದ್ದರೆ, ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಹೋಗಿ ನಿಲ್ಲುವ ಕಷ್ಟದ ಕೆಲಸವನ್ನು ಆಟಗಾರ ಮಾಡುತ್ತಿದ್ದಾನೆ ಎಂದರ್ಥ. ಕಾಯಬೇಕು. ಎಕ್ಸ್‌ಜಿಯೇ 1ಕ್ಕೆ ಇಳಿದಿದ್ದರೆ ಕಾರಣ ಹುಡುಕಬೇಕು: ಅವನಿಗೆ ಚೆಂಡು ತಲುಪುತ್ತಿದೆಯೇ, ಕೋಚ್ ಅವನ ಜಾಗ ಬದಲಿಸಿದ್ದಾರೆಯೇ, ಓಟದ ವೇಗ ಕುಗ್ಗಿದೆಯೇ?

ರಿಯಲ್ ಮ್ಯಾಡ್ರಿಡ್‌ನ ವಿನಿಸಿಯಸ್ ಜೂನಿಯರ್ ಸ್ಪೇನ್ ಲೀಗ್‌ನ ಮೊದಲ ಮೂರು ಸೀಸನ್‌ಗಳಲ್ಲಿ ಹೊಡೆದದ್ದು 2, 3, 3 ಗೋಲು. ಎದುರಾಳಿಯನ್ನು ದಾಟಿ ಒಳನುಗ್ಗುವುದು ಆಗಲೂ ನಡೆದೇ ಇತ್ತು. ಕೊನೆಯ ಸ್ಪರ್ಶ ಮಾತ್ರ ಹದಕ್ಕೆ ಬಂದಿರಲಿಲ್ಲ. ನಾಲ್ಕನೆಯ ಸೀಸನ್ನಿನಲ್ಲಿ 17 ಗೋಲು. 2022ರ ಮೇ 28ರಂದು ಪ್ಯಾರಿಸ್ ಬಳಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನ ಏಕೈಕ ಗೋಲೂ ಅವರದೇ.

ಲೆಕ್ಕದ ಮಾತು ಇಷ್ಟು. ಕೂಗಾಟ ಆಟಗಾರನ ಕಾಲಿಗೆ ಏನು ಮಾಡುತ್ತದೆ ಎಂಬುದು ಇನ್ನೂ ಮುಖ್ಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ಶಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನುರಿತ ಆಟಗಾರರೂ ಹೊಸಬರೂ ಸಾಲಾಗಿ ಇಟ್ಟ ಶಂಕುಗಳ ನಡುವೆ ಚೆಂಡನ್ನು ತಿರುಗಿಸಿಕೊಂಡು ಓಡಬೇಕಿತ್ತು. ಒಂದು ಸಲ ಓಡುವಾಗ ಪಾದದ ಯಾವ ಬದಿ ಚೆಂಡಿಗೆ ತಾಗಿತು ಎಂಬುದರ ಮೇಲೆ ಗಮನ ಇಡಬೇಕು. ಇನ್ನೊಂದು ಸಲ ಕಿವಿಗೆ ಬೀಳುವ ಪದಗಳಲ್ಲಿ ಗೊತ್ತುಪಡಿಸಿದ ಪದವನ್ನು ಹಿಡಿಯಬೇಕು. ಪಾದದ ಮೇಲೆ ಗಮನವಿಟ್ಟಾಗ ಹೊಸಬರ ಆಟ ಸುಧಾರಿಸಿತು. ನುರಿತವರ ಬಲಗಾಲು ನಿಧಾನವಾಯಿತು! ಗಮನ ಪದಗಳ ಕಡೆ ಹೋದಾಗ ಅದೇ ಕಾಲು ಸರಾಗವಾಗಿ ಓಡಿತು.

ಸೈಕಲ್ ತುಳಿಯುವವರಿಗೆ ಇದು ಗೊತ್ತಿರುವ ಸಂಗತಿ. ಸಾವಿರಾರು ಗಂಟೆ ಅಭ್ಯಾಸ ಮಾಡಿದ ಚಲನೆ ಮೆದುಳಿನಲ್ಲಿ ಒಂದೇ ಗಂಟಾಗಿ ಕೂತಿರುತ್ತದೆ, ಯೋಚಿಸದೆ ನಡೆಯುತ್ತದೆ. ತಪ್ಪಿದರೆ ಮೂವತ್ತು ಸಾವಿರ ಮಂದಿ ಊಳಿಡುತ್ತಾರೆ ಎಂಬ ಭಯ ಬಂದ ಕ್ಷಣ ಆಟಗಾರ ತನ್ನ ಪಾದವನ್ನು ತಾನೇ ಕಾಯತೊಡಗುತ್ತಾನೆ. ಗಂಟು ಬಿಚ್ಚಿ ಎಳೆಎಳೆಯಾಗುತ್ತದೆ. ಮೊದಲ ಸ್ಪರ್ಶದಲ್ಲೇ ಚೆಂಡು ಕಾಲಿನಿಂದ ಎರಡಡಿ ದೂರ ಚಿಮ್ಮುತ್ತದೆ. ಗ್ಯಾಲರಿಯವರಿಗೆ ಅದು ಉದಾಸೀನದಂತೆ ಕಾಣುತ್ತದೆ, ನಿಜದಲ್ಲಿ ಅದು ಅತಿಯಾದ ಎಚ್ಚರ. ನಾರ್ವೆಯ ಸಂಶೋಧಕ ಗೈರ್ ಯೂರ್ಡೆಟ್ ದೊಡ್ಡ ಟೂರ್ನಿಗಳಲ್ಲಿ ಸಮವಾದ ಪಂದ್ಯವನ್ನು ತೀರ್ಮಾನಿಸುವ ಪೆನಾಲ್ಟಿ ಶೂಟೌಟ್‌ಗಳನ್ನು ಒಂದೊಂದಾಗಿ ಅಧ್ಯಯನ ಮಾಡಿದಾಗ ಇದೇ ಚಿತ್ರ ಸಿಕ್ಕಿತು. ಹೊಡೆದರೆ ತಂಡ ಗೆದ್ದೇಬಿಡುತ್ತದೆ ಎಂಬ ಹೊಡೆತಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗೋಲಾದವು. ತಪ್ಪಿದರೆ ಸೋತೇಹೋಗುತ್ತದೆ ಎಂಬಲ್ಲಿ ಅದು ಅರವತ್ತರ ಆಸುಪಾಸಿಗೆ ಇಳಿಯಿತು. ಅದೇ ಚೆಂಡು, ಅದೇ 11 ಮೀಟರ್ ದೂರ.

2021ರ ಜುಲೈ 11ರಂದು ವೆಂಬ್ಲಿಯಲ್ಲಿ ಯುರೋಪಿನ ರಾಷ್ಟ್ರಗಳ ಟೂರ್ನಿಯಾದ ಯೂರೋದ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದೆ ಹೋದಾಗ ಇಂಗ್ಲೆಂಡ್‌ನ ಬುಕಾಯೊ ಸಾಕಾಗೆ 19 ವರ್ಷ. ಅವರಿಗೂ ಮಾರ್ಕಸ್ ರ್‍ಯಾಶ್‌ಫರ್ಡ್, ಜೇಡನ್ ಸ್ಯಾಂಚೊ ಅವರಿಗೂ ಆ ರಾತ್ರಿ ಸಾಮಾಜಿಕ ಜಾಲತಾಣಗಳಲ್ಲಿ ಬಂದದ್ದು ಟೀಕೆಯಲ್ಲ, ಜನಾಂಗೀಯ ನಿಂದನೆ. ಮೂರು ವರ್ಷದ ನಂತರ, 2024ರ ಯೂರೋ ಕ್ವಾರ್ಟರ್ ಫೈನಲ್‌ನಲ್ಲಿ, ಸ್ವಿಟ್ಜರ್ಲೆಂಡ್ ವಿರುದ್ಧ ಸಮಬಲದ ಗೋಲು ಹೊಡೆದವರು ಸಾಕಾ. ಶೂಟೌಟ್‌ನಲ್ಲೂ ಗೋಲು ಹೊಡೆದರು. ಇಂಗ್ಲೆಂಡ್‌ನ ಐದೂ ಹೊಡೆತಗಳು ಅಂದು ಬಲೆ ಸೇರಿದವು.

ಇನ್ನು ದೇಹ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟು ಹರಿದರೆ, ಆಟಗಾರನ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ಸ್ನಾಯುರಜ್ಜು ತೆಗೆದು ಆ ಜಾಗಕ್ಕೆ ಕಸಿ ಮಾಡುತ್ತಾರೆ. ಕಸಿ ಮಾಡಿದ ಎಳೆ ಮೊದಲ ತಿಂಗಳುಗಳಲ್ಲಿ ಗಟ್ಟಿಯಾಗುವ ಬದಲು ಬಲ ಕಳೆದುಕೊಳ್ಳುತ್ತದೆ. ಅದರೊಳಗೆ ಹೊಸ ರಕ್ತನಾಳ ಹಬ್ಬಿ, ಅದು ನಿಧಾನವಾಗಿ ಕಟ್ಟಿನ ಸ್ವಭಾವಕ್ಕೆ ತಿರುಗಬೇಕು. ಅದಕ್ಕೆ ಒಂದರಿಂದ ಎರಡು ವರ್ಷ ಬೇಕಾಗಬಹುದು. ಮೈದಾನಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದರೆ, ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿ ಮತ್ತೆ ಗಾಯಗೊಳ್ಳುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತದೆ ಎಂದು 2016ರ ನಾರ್ವೆ-ಅಮೆರಿಕ ಅಧ್ಯಯನ ತೋರಿಸಿತು. ಗಾಯದ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಶೇ 90ಕ್ಕೆ ಬರಬೇಕು, ಒಂಟಿಕಾಲಿನ ಜಿಗಿತದ ಪರೀಕ್ಷೆಗಳಲ್ಲೂ ಅಷ್ಟೇ. ಇದೆಲ್ಲ ದಾಟಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಮಂಡಿ ಎಷ್ಟು ಬಾಗಿದೆ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳು ಮೂಲ ಕಟ್ಟಿನಲ್ಲಿದ್ದವು. ಅವು ಪೂರ್ತಿ ಮರಳುವುದಿಲ್ಲ. ಮೆದುಳು ಆ ಕೆಲಸಕ್ಕೆ ಕಣ್ಣನ್ನು ಹೆಚ್ಚು ನೆಚ್ಚುತ್ತದೆ. ಚೆಂಡು, ಎದುರಾಳಿ, ಜೊತೆಗಾರ ಎಲ್ಲರನ್ನೂ ನೋಡಬೇಕಾದ ಕಣ್ಣಿಗೆ ಮಂಡಿಯ ಹೊರೆಯೂ ಬೀಳುತ್ತದೆ. "ಫಿಟ್" ಎಂದು ಪ್ರಕಟಿಸಿದ ದಿನ ಆಟಗಾರ ಹಳೆಯ ಆಟಕ್ಕೆ ಮರಳುವ ಹಾದಿಯ ನಡುವೆ ಇರುತ್ತಾನೆ. ಟಿಕೆಟ್ ಕೊಂಡು ಬಂದವರಿಗೆ ಅದು ಕಾಣುವುದಿಲ್ಲ.

ತಾಳ್ಮೆ ಗೋಲನ್ನು ಖಾತರಿಪಡಿಸುತ್ತದೆ ಎಂದು ಹೇಳುವುದು ಸುಳ್ಳಾಗುತ್ತದೆ. ಫೆರ್ನಾಂಡೊ ಟೊರೆಸ್ ಲಿವರ್‌ಪೂಲ್‌ಗಾಗಿ 102 ಲೀಗ್ ಪಂದ್ಯಗಳಲ್ಲಿ 65 ಗೋಲು ಹೊಡೆದಿದ್ದರು. 2011ರ ಜನವರಿಯಲ್ಲಿ 5 ಕೋಟಿ ಪೌಂಡ್‌ಗೆ ಚೆಲ್ಸಿಗೆ ಬಂದು ಮೊದಲ ಗೋಲಿಗೆ 903 ನಿಮಿಷ ಕಾದರು. ಅಲ್ಲಿನ 110 ಲೀಗ್ ಪಂದ್ಯಗಳಲ್ಲಿ ದೊರೆತದ್ದು 20. ಅದನ್ನು ದಾಳದ ಲೆಕ್ಕದಿಂದ ವಿವರಿಸಲಾಗದು. 2010ರಲ್ಲಿ ಅವರ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಅವರ ಆಟವೋ ಮೊದಲ ಮೂರು ಹೆಜ್ಜೆಗಳ ವೇಗದ ಮೇಲೆ ನಿಂತದ್ದು. ಅಂಥವರಿಗೆ ಬೈಗುಳದಿಂದ ಮಂಡಿ ಮರಳಿ ಬರುತ್ತದೆಯೇ?

2018ರ ಮೇ 26ರಂದು ಕೀವ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿವರ್‌ಪೂಲ್ ಕೀಪರ್ ಲೊರಿಸ್ ಕರಿಯಸ್ ಮಾಡಿದ ಎರಡು ತಪ್ಪುಗಳನ್ನು ನೋಡಿದವರು ಮರೆಯುವುದಿಲ್ಲ. ಮೊದಲನೆಯ ತಪ್ಪಿಗೆ ಕೆಲವೇ ನಿಮಿಷ ಮುಂಚೆ ಎದುರಾಳಿಯ ಮೊಣಕೈ ಅವರ ತಲೆಗೆ ಬಡಿದಿತ್ತು. ಆಟ ಮುಂದುವರಿಯಿತು. ಐದು ದಿನಗಳ ನಂತರ ಬಾಸ್ಟನ್‌ನಲ್ಲಿ ಪರೀಕ್ಷಿಸಿದ ವೈದ್ಯರು ಮೆದುಳಿಗೆ ಆಘಾತವಾಗಿದ್ದನ್ನು, ಕಣ್ಣು ದೂರ-ಜಾಗವನ್ನು ಅಂದಾಜು ಮಾಡುವ ಶಕ್ತಿ ಏರುಪೇರಾಗಿದ್ದನ್ನು ಗುರುತಿಸಿದರು. ಅಷ್ಟು ಹೊತ್ತಿಗೆ ಅವರಿಗೆ ಕೊಲೆ ಬೆದರಿಕೆಗಳು ಬಂದಾಗಿತ್ತು.

ನಮ್ಮಲ್ಲಿ ಈ ಮಾತನ್ನು ಆಟಗಾರರ ಕಡೆಯಿಂದಲೇ ಕೇಳಿದ್ದೇವೆ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆ ವಿರುದ್ಧ ಆಡಿದಾಗ ಬಂದ ಪ್ರೇಕ್ಷಕರು 2,569. ಆ ಪಂದ್ಯದಲ್ಲಿ ಮೂರು ಗೋಲು ಹೊಡೆದ ಸುನಿಲ್ ಛೆಟ್ರಿ ಮರುದಿನ ವಿಡಿಯೊದಲ್ಲಿ ಕೈಮುಗಿದು ಕೇಳಿಕೊಂಡರು: ಇಂಟರ್ನೆಟ್‌ನಲ್ಲಿ ಬೈಯುವ ಬದಲು ಕ್ರೀಡಾಂಗಣಕ್ಕೆ ಬನ್ನಿ, ಬೈಯುವುದಿದ್ದರೆ ಮುಖಕ್ಕೇ ಬೈಯಿರಿ, ಆದರೆ ಬನ್ನಿ. ಕೆನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್‌ಗಳೆಲ್ಲ ಖರ್ಚಾದವು.

ಬೆಂಗಳೂರು ಎಫ್‌ಸಿ ಪರ ಅದೇ ಛೆಟ್ರಿ ಇಂಡಿಯನ್ ಸೂಪರ್ ಲೀಗ್‌ನಲ್ಲಿ 2021-22ರಲ್ಲಿ 4, ನಂತರದ ಎರಡು ಸೀಸನ್‌ಗಳಲ್ಲಿ ತಲಾ 5 ಗೋಲು ಹೊಡೆದರು. ವಯಸ್ಸಾಯಿತು ಎಂಬ ಮಾತು ಆಗ ಎಲ್ಲ ಕಡೆ ಇತ್ತು. 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ 4-2ರ ಗೆಲುವಿನಲ್ಲಿ ಮೂರು ಗೋಲು ಅವರವು. ವಯಸ್ಸು 40. ಆ ಸೀಸನ್ ಮುಗಿದಾಗ ಲೆಕ್ಕ 14ಕ್ಕೆ ನಿಂತಿತ್ತು.