ಮಸ್ಕೋಕಾ ಲೇಕುಗಳ ಕಥೆ: ಸೋಪಿನ ಪುಡಿಯಿಂದ ಒಲೆ ಬೂದಿವರೆಗೆ

ಕೆನಡಾದ ಟೊರೊಂಟೊದಿಂದ ಉತ್ತರಕ್ಕೆ ಎರಡೂವರೆ ಗಂಟೆ ಡ್ರೈವ್ ಮಾಡಿದ್ರೆ ಲೇಕುಗಳ ನಾಡು ಮಸ್ಕೋಕಾ. ಇಲ್ಲಿರೋ ನಮ್ಮ ಕನ್ನಡದವರು ಮೂರ್ನಾಲ್ಕು ಫ್ಯಾಮಿಲಿ ಸೇರ್ಕೊಂಡು ಲಾಂಗ್ ವೀಕೆಂಡಿಗೆ ಅಲ್ಲೊಂದು ಕಾಟೇಜ್ ಬಾಡಿಗೆಗೆ ಹಿಡಿಯೋದು ಈಗ ಮಾಮೂಲು. ಬಾಗಿಲು ತೆಗೆದು ಒಳಗೆ ಹೋದ್ರೆ ಬಾತ್‌ರೂಮಲ್ಲಿ ಒಂದು ಚೀಟಿ. ಟಾಯ್ಲೆಟ್ ಪೇಪರ್ ಬಿಟ್ಟು ಬೇರೇನೂ ಹಾಕ್ಬೇಡಿ, ಇದು ಸೆಪ್ಟಿಕ್. ಸಿಂಕಿಗೆ ಎಣ್ಣೆ ಸುರಿಬೇಡಿ. ಲೇಕಲ್ಲಿ ಶಾಂಪೂ ಹಚ್ಕೊಂಡು ಸ್ನಾನ ಮಾಡ್ಬೇಡಿ. ಇಷ್ಟು ಜನಕ್ಕಿಂತ ಹೆಚ್ಚು ಮಲಗೋ ಹಾಗಿಲ್ಲ. ಮೊದಲ ಸಲ ಓದ್ದಾಗ ಯಾರಪ್ಪಾ ಈ ಕಿರಿಕಿರಿ ಓನರ್ರು ಅನ್ಸಿತ್ತು. ಆ ಚೀಟಿಯ ಒಂದೊಂದು ಸಾಲಿನ ಹಿಂದೆ ಎಷ್ಟು ವರ್ಷದ ಮೀಟಿಂಗ್, ಅಳತೆ, ಜಗಳ ಇದೆ ಅಂತ ಗೊತ್ತಾಗಿದ್ದು ಆಮೇಲೆ.

ಈಗಂತೂ ಅಲ್ಲಿನ ಸುದ್ದಿ ಓದಿದ್ರೆ ತಲೆಬುಡ ಗೊತ್ತಾಗಲ್ಲ. ಒಂದು ಕಡೆ ಬಾಡಿಗೆ ಕಾಟೇಜಿಗೆ ಲೈಸೆನ್ಸು, ಇನ್ನೊಂದು ಕಡೆ ದೊಡ್ಡ ಅಲೆ ಎಬ್ಬಿಸೋ ವೇಕ್ ಬೋಟು, ಅದರ ಜೊತೆ ನೀಲಿ-ಹಸಿರು ಪಾಚಿ, ರಸ್ತೆಗೆ ಹಾಕೋ ಉಪ್ಪು, 2013 ಮತ್ತು 2019ರ ಪ್ರವಾಹ, ಇದೆಲ್ಲಾ ಒಂದೇ ಸಭೆಯಲ್ಲಿ ಒಂದರ ಮೇಲೊಂದು ಬರುತ್ತೆ. ಹಾಗಾಗಿ ಮೊದಲಿಂದ ಶುರು ಮಾಡೋಣ.

ಹಳೇ ಕಥೆ ಬೇಗ ಮುಗಿಸ್ತೀನಿ. ಅನಿಶಿನಾಬೆ ಅನ್ನೋ ಮೂಲನಿವಾಸಿ ಜನ ತಲೆತಲಾಂತರದಿಂದ ಇದ್ದ ಜಾಗ, 1868ರಲ್ಲಿ ಸರ್ಕಾರ ಹೊಸಬರಿಗೆ ಪುಕ್ಕಟೆ ಜಮೀನು ಅಂತ ಹಂಚೋಕೆ ಶುರು ಮಾಡ್ತು, ಬಂದ ರೈತರು ನೇಗಿಲು ಹಾಕಿ ನೋಡಿದ್ರೆ ಅರ್ಧ ಅಡಿ ಮಣ್ಣಿನ ಕೆಳಗೆ ಬರೀ ಬಂಡೆ, ಬೆಳೆ ಬರಲಿಲ್ಲ, ಬದಲಿಗೆ 1866ರಿಂದಲೇ ಓಡ್ತಿದ್ದ ಸ್ಟೀಮ್ ಬೋಟಲ್ಲಿ ಪೇಟೆಯ ದುಡ್ಡಿರೋ ಜನ ಗಾಳಿ ಬದಲಾವಣೆಗೆ ಬಂದ್ರು. ಹೋಟೆಲಾಯ್ತು, ಕಾಟೇಜಾಯ್ತು. 1894ರಲ್ಲಿ ಕಾಟೇಜಿನವರು ಸೇರಿ ಮಸ್ಕೋಕಾ ಲೇಕ್ಸ್ ಅಸೋಸಿಯೇಷನ್ ಕಟ್ಟಿದ್ರು. ದೋಣಿ ಪಂದ್ಯ ನಡೆಸೋದೂ ಆಗ ಅದರ ಕೆಲಸ. ಒಂದು ಥರ ಕ್ಲಬ್ಬು ಅನ್ನಿ. 1963ರಲ್ಲಿ ಇಡೀ ಆಂಟೇರಿಯೋ ಪ್ರಾಂತ್ಯದ ಇಂಥ ಸಂಘಗಳಿಗೆಲ್ಲಾ ಒಂದು ಒಕ್ಕೂಟ ಆಯ್ತು, ಇವತ್ತು ಅದರಲ್ಲಿ 500ಕ್ಕೂ ಹೆಚ್ಚು ಸಂಘಗಳಿವೆ.

ನಿಜವಾದ ಕಥೆ ಶುರುವಾಗೋದು ಅರವತ್ತರ ದಶಕದಲ್ಲಿ. ದಕ್ಷಿಣದ ಈರೀ ಮಹಾಸರೋವರ ಸತ್ತೇ ಹೋಯ್ತು ಅಂತ ಪೇಪರುಗಳು ಬರೀತಿದ್ವು. ಮಸ್ಕೋಕಾದ ಗ್ರೇವನ್‌ಹರ್ಸ್ಟ್ ಕೊಲ್ಲಿಯಲ್ಲೂ ಊರಿನ ಕೊಳಚೆ ನೀರು ಸೇರಿ ಪಾಚಿ ಕಟ್ತಿತ್ತು. ಯಾಕೆ ಅನ್ನೋದಕ್ಕೆ ಒಮ್ಮತ ಇರಲಿಲ್ಲ. ಕೆಲವರು ರಂಜಕ ಅಂದ್ರೆ ಫಾಸ್ಫರಸ್ ಕಾರಣ ಅಂದ್ರು, ಸೋಪು ಮಾರೋರ ಕಡೆಯಿಂದ ಇಲ್ಲಪ್ಪಾ ಕಾರ್ಬನ್ನೇ ಕಾರಣ ಅನ್ನೋ ವಾದ. ಆಗಿನ ಡಿಟರ್ಜೆಂಟಲ್ಲಿ ಫಾಸ್ಫೇಟ್ ತುಂಬಿರ್ತಿತ್ತು, ಇಷ್ಟು ಹೇಳಿದ್ರೆ ಸಾಕು.

ಇದನ್ನ ತೀರ್ಮಾನ ಮಾಡೋಕೆ ಕೆನಡಾದವರು ಮಾಡಿದ ಕೆಲಸ ನಂಗೆ ಇವತ್ತಿಗೂ ಆಶ್ಚರ್ಯ. ಪ್ರಾಂತ್ಯದ ವಾಯವ್ಯ ಮೂಲೆಯಲ್ಲಿ, ಕೆನೋರಾ ಕಡೆ, ಜನವಸತಿ ಇಲ್ಲದ ಕಾಡೊಳಗೆ 1968ರಲ್ಲಿ ಹತ್ತಾರು ಸಣ್ಣ ಲೇಕುಗಳನ್ನ ಪ್ರಯೋಗಕ್ಕೆ ಅಂತಲೇ ಮೀಸಲಿಟ್ರು. ಗಾಜಿನ ಲೋಟ ಅಲ್ಲ, ಇಡೀ ಲೇಕೇ ಪ್ರಯೋಗಶಾಲೆ. 1973ರಲ್ಲಿ ಡೇವಿಡ್ ಶಿಂಡ್ಲರ್ ತಂಡ 226ನೇ ನಂಬರಿನ ಲೇಕಿನ ಸೊಂಟದಲ್ಲಿ ಒಂದು ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಎರಡು ಭಾಗ ಮಾಡ್ತು. ಎರಡಕ್ಕೂ ಕಾರ್ಬನ್, ನೈಟ್ರೋಜನ್ ಹಾಕಿದ್ರು, ಫಾಸ್ಫರಸ್ ಮಾತ್ರ ಒಂದಕ್ಕೇ. ಆ ಒಂದು ಭಾಗ ಹಚ್ಚ ಹಸಿರಾಯ್ತು, ಪಕ್ಕದ್ದು ತಿಳಿಯಾಗೇ ಇತ್ತು. ವಿಮಾನದಿಂದ ತೆಗೆದ ಆ ಫೋಟೋ ನೋಡಿದ ಮೇಲೆ ವಾದ ಮಾಡೋರಿಗೆ ಹೆಚ್ಚೇನೂ ಉಳೀಲಿಲ್ಲ. (ಇಂಥ ಜಾಗಕ್ಕೇ 2012ರಲ್ಲಿ ದುಡ್ಡು ನಿಲ್ಲಿಸೋಕೆ ಹೊರಟಿದ್ರು, 2014ರಲ್ಲಿ ಒಂದು ಸ್ವತಂತ್ರ ಸಂಸ್ಥೆ ವಹಿಸ್ಕೊಂಡು ಉಳೀತು. ಏನ್ ಹೇಳೋದು.)

ಲೆಕ್ಕ ಸಿಂಪಲ್ಲು. ಮನೇಲಿ ಗ್ಯಾಸು, ನೀರು, ಪಾತ್ರೆ ಎಲ್ಲಾ ಇದ್ರೂ ಅಕ್ಕಿ ಎರಡೇ ಪಾವು ಇದ್ರೆ ಎರಡು ಪಾವಿನ ಅನ್ನವೇ ಆಗೋದು. ಪಾಚಿಗೆ ಫಾಸ್ಫರಸ್ ಆ ಅಕ್ಕಿ. ಬೆಳ್ಳಂದೂರಿನ ನೊರೆ ಕಂಡವರಿಗೆ ಸೋಪಿನ ನೀರು ಕೆರೆಗೆ ಏನ್ ಮಾಡುತ್ತೆ ಅಂತ ಹೊಸದಾಗಿ ಹೇಳ್ಬೇಕಿಲ್ಲ, ಆದ್ರೆ ಇಲ್ಲಿ ಲೇಕು ಹಾಳಾಗೋಕೆ ಅಷ್ಟೆಲ್ಲಾ ಬೇಕಾಗಿಲ್ಲ. ಬಂಡೆ ಮೇಲಿನ ನೀರು, ಫಾಸ್ಫರಸ್ ಲೀಟರಿಗೆ 10 ಮೈಕ್ರೋಗ್ರಾಂ ಒಳಗಿದ್ರೆ ಚೆನ್ನಾಗಿರುತ್ತೆ, 20 ದಾಟಿದ್ರೆ ಪಾಚಿ ಕಾಟ ಶುರು ಅಂತ ಪ್ರಾಂತ್ಯದ ಅಳತೆಗೋಲು. 1970ರಲ್ಲಿ ಡಿಟರ್ಜೆಂಟಿನ ಫಾಸ್ಫೇಟಿಗೆ ಮಿತಿ ಬಂತು, 1973ರಲ್ಲಿ ಇನ್ನೂ ಬಿಗಿ ಆಯ್ತು. ಗ್ರೇವನ್‌ಹರ್ಸ್ಟಿನ ಕೊಳಚೆ ಘಟಕದಲ್ಲೂ ಫಾಸ್ಫರಸ್ ತೆಗೆಯೋಕೆ ಶುರು ಮಾಡಿದ್ರು, ಕೊಲ್ಲಿ ಸುಧಾರಿಸ್ತು.

ಊರಿನ ಪೈಪು ಸರಿ ಮಾಡಿದ ಮೇಲೆ ಉಳಿದಿದ್ದು ಕಾಟೇಜುಗಳದ್ದೇ ಪೈಪು. ಇಲ್ಲಿ ಊರ ಒಳಚರಂಡಿ ಬಂದಿಲ್ಲ, ಪ್ರತಿ ಮನೆಗೂ ಅದರದ್ದೇ ಸೆಪ್ಟಿಕ್ ಟ್ಯಾಂಕು, ಅದರಿಂದ ಹೊರಬರೋ ನೀರು ಪಕ್ಕದ ಮಣ್ಣಲ್ಲಿ ಇಂಗಬೇಕು, ಆದ್ರೆ ಮಣ್ಣೇ ತೆಳು. ಒಬ್ಬ ಮನುಷ್ಯ ವರ್ಷಪೂರ್ತಿ ಇದ್ರೆ ಅವನಿಂದ ಟ್ಯಾಂಕಿಗೆ ಹೋಗೋದು ಸುಮಾರು 0.66 ಕೆಜಿ ಫಾಸ್ಫರಸ್ ಅಂತ ಪ್ರಾಂತ್ಯದ ಲೆಕ್ಕ. 1975ರಲ್ಲಿ ಡಿಲ್ಲನ್ ಮತ್ತು ರಿಗ್ಲರ್ ಅನ್ನೋ ಇಬ್ಬರು ವಿಜ್ಞಾನಿಗಳು ಈ ಥರ ಲೆಕ್ಕ ಹಾಕಿ ಒಂದು ಲೇಕು ಎಷ್ಟು ಕಾಟೇಜು ತಡ್ಕೊಳ್ಳುತ್ತೆ ಅಂತ ಹೇಳೋ ಸೂತ್ರ ಕೊಟ್ರು. ಕಾಟೇಜಿನವರಿಗೆ ಇದು ವರ ಅನ್ನಿಸ್ತು. ಕಾರಣ ಊಹಿಸೋದು ಕಷ್ಟ ಅಲ್ಲ, ಹೊಸಬರು ಬರೋದು ಬೇಡ ಅನ್ನೋಕೆ ಈಗ ವಿಜ್ಞಾನದ ಬಲ ಇತ್ತು. ನಾನಂತೂ ಇದನ್ನ ತಪ್ಪು ಅನ್ನಲ್ಲ, ಆದ್ರೆ ಮೊದಲೇ ಬಂದು ಜಾಗ ಹಿಡಿದವರ ಟ್ಯಾಂಕು ಯಾವ ಕಾಲದ್ದು ಅಂತ ಕೇಳೋಕೆ ಎಲ್ಲರೂ ತುಂಬಾ ವರ್ಷ ತಗೊಂಡ್ರು.

ಅಷ್ಟರಲ್ಲಿ ಒಂದು ಒಳ್ಳೇ ಕೆಲಸ ಆಯ್ತು. ಅಳೆಯೋಕೆ ಸರ್ಕಾರಕ್ಕೆ ಜನ ಸಾಲದು, ಲೇಕಿನ ಪಕ್ಕ ಕೂತಿರೋ ಕಾಟೇಜಿನವರಿಗೆ ಬೋಟಿದೆ, ಟೈಮಿದೆ. ಹಾಗಾಗಿ 1996ರಿಂದ ಲೇಕ್ ಪಾರ್ಟ್‌ನರ್ ಅನ್ನೋ ಕಾರ್ಯಕ್ರಮ. ಮೇ ತಿಂಗಳಲ್ಲಿ ಮಂಜುಗಡ್ಡೆ ಕರಗಿದ ಮೇಲೆ ಲೇಕಿನ ಆಳದ ಜಾಗಕ್ಕೆ ಬೋಟಲ್ಲಿ ಹೋಗಿ ಬಾಟಲಿಗೆ ನೀರು ತುಂಬಿ ಡಾರ್ಸೆಟ್ ಊರಿನ ಸರ್ಕಾರಿ ಲ್ಯಾಬಿಗೆ ಪೋಸ್ಟ್ ಮಾಡೋದು. ಬೇಸಿಗೆಯಲ್ಲಿ ತಟ್ಟೆಯಷ್ಟು ಅಗಲದ ಕಪ್ಪು ಬಿಳುಪು ಬಿಲ್ಲೆಯನ್ನ ದಾರ ಕಟ್ಟಿ ನೀರೊಳಗೆ ಬಿಡೋದು, ಕಣ್ಣಿಗೆ ಮರೆಯಾಗೋ ಆಳ ಬರ್ಕೊಳ್ಳೋದು. ಅಷ್ಟೇ. ರಿಟೈರ್ ಆದ ಅಜ್ಜ ಅಜ್ಜಿಯರು ವರ್ಷ ತಪ್ಪದೆ ಮಾಡಿದ ಈ ಕೆಲಸದಿಂದ ನೂರಾರು ಲೇಕುಗಳ ಜಾತಕ ಸಿಕ್ತು.

ಆ ಜಾತಕ ಓದ್ದಾಗ ಯಾರೂ ಅಂದ್ಕೊಳ್ಳದ ವಿಷಯ ಹೊರಬಂತು. ಬಹಳಷ್ಟು ಲೇಕುಗಳಲ್ಲಿ ಫಾಸ್ಫರಸ್ ಏರ್ತಿರಲಿಲ್ಲ, ಇಳೀತಿತ್ತು. ಇಳೀತಿದ್ದದ್ದು ಇನ್ನೊಂದೂ ಇತ್ತು, ಕ್ಯಾಲ್ಸಿಯಂ.

ಇದಕ್ಕೆ ಸ್ವಲ್ಪ ಹಿಂದೆ ಹೋಗ್ಬೇಕು. ಸಡ್ಬರಿ ಅನ್ನೋ ಊರಲ್ಲಿ ನಿಕ್ಕಲ್ ಕರಗಿಸೋ ಕುಲುಮೆ, 1972ರಲ್ಲಿ ಅಲ್ಲಿ 381 ಮೀಟರ್ ಎತ್ತರದ ಚಿಮಣಿ ಎದ್ದು ನಿಂತು ಸುತ್ತಲಿನ ಹೊಗೆ ದೂರ ಹೋಯ್ತು. ದೂರ ಅಂದ್ರೆ ಬೇರೆಯವರ ತಲೆ ಮೇಲೆ. ಅಮೆರಿಕದ ಕಡೆಯಿಂದಲೂ ಬರ್ತಿತ್ತು. ಆಮ್ಲ ಮಳೆ ಬಿದ್ದು ಬಿದ್ದು ತೆಳು ಮಣ್ಣಲ್ಲಿದ್ದ ಕ್ಯಾಲ್ಸಿಯಂ ತೊಳೆದು ಹೋಯ್ತು, ಜೊತೆಗೆ ಮರ ಕಡಿದು ಸಾಗಿಸ್ದಾಗ ಮರದೊಳಗಿನದ್ದೂ ಹೋಯ್ತು. 1991ರ ಕೆನಡಾ-ಅಮೆರಿಕ ಒಪ್ಪಂದದ ಮೇಲೆ ಮಳೆ ಸುಧಾರಿಸ್ತು, ಮಣ್ಣು ಸುಧಾರಿಸಲಿಲ್ಲ. ಡ್ಯಾಫ್ನಿಯಾ ಅಂತ ಒಂದು ಸಣ್ಣ ನೀರುಚಿಗಟ ಇದೆ, ಪಾಚಿ ತಿಂದು ಲೇಕನ್ನ ಕ್ಲೀನಾಗಿ ಇಡೋದು ಅದೇ. ಅದರ ಚಿಪ್ಪಿಗೆ ಕ್ಯಾಲ್ಸಿಯಂ ಬೇಕು, ಲೀಟರಿಗೆ 1.5 ಮಿಲಿಗ್ರಾಂಗಿಂತ ಕಡಿಮೆ ಆದ್ರೆ ಕಷ್ಟ. ಅದು ಹೋದ ಜಾಗಕ್ಕೆ ಬಂದಿದ್ದು ಹೊಲೋಪೀಡಿಯಂ ಅನ್ನೋ ಇನ್ನೊಂದು ಸಣ್ಣ ಜೀವಿ. ನೀರಲ್ಲಿ ನೆನೆಸಿದ ಕಾಮಕಸ್ತೂರಿ ಬೀಜ ನೋಡಿದ್ದೀರಲ್ಲ, ಸುತ್ತ ಲೋಳೆ ಕಟ್ಕೊಂಡು, ಥೇಟ್ ಹಾಗೇ. ಕ್ಯಾಲ್ಸಿಯಂ ಹೆಚ್ಚು ಬೇಡ ಅದಕ್ಕೆ. ಇದು ಜಾಸ್ತಿ ಆದ ಕಡೆ ನೀರೆತ್ತೋ ಪೈಪಿನ ಜಾಲರಿಗೂ ಲೋಳೆ ಮೆತ್ಕೊಳ್ಳುತ್ತೆ.

ಇದಕ್ಕೆ ಅಲ್ಲಿನ ಜನ ಹುಡುಕಿದ ಉಪಾಯ ಕೇಳಿ ನಂಗೆ ನಗು ಬಂತು. ಬೂದಿ! ನಮ್ಮಜ್ಜಿ ದಿನಾ ಬೆಳಗ್ಗೆ ಒಲೆ ಬೂದಿ ಬಳಿದು ತೆಂಗಿನ ಬುಡಕ್ಕೆ ಹಾಕ್ತಿದ್ರು, ಯಾವ ಪ್ರಬಂಧ ಓದಿರಲಿಲ್ಲ. ಫ್ರೆಂಡ್ಸ್ ಆಫ್ ದ ಮಸ್ಕೋಕಾ ವಾಟರ್‌ಶೆಡ್ ಅನ್ನೋ ಸಂಸ್ಥೆ ಮನೆ ಮನೆಯ ಸೌದೆ ಒಲೆಯ ಬೂದಿ ಸಂಗ್ರಹ ಮಾಡಿ, ಜರಡಿ ಹಿಡಿದು, ಪರೀಕ್ಷೆ ಮಾಡಿಸಿ ಮೇಪಲ್ ಕಾಡಿಗೆ ಎರಚೋ ಪ್ರಯೋಗ ನಡೆಸ್ತಿದೆ. ಲೇಕಿಗೆ ನೇರ ಅಲ್ಲ, ಕಾಡಿಗೆ. ಬೂದಿಯಲ್ಲಿರೋ ಕ್ಯಾಲ್ಸಿಯಂ ಮಣ್ಣಿಗೆ ಹೋಗಿ ನಿಧಾನಕ್ಕೆ ಮರಕ್ಕೆ, ಆಮೇಲೆ ನೀರಿಗೆ. ಬಣ್ಣ ಬಳಿದ ಹಲಗೆ ಸುಟ್ಟ ಬೂದಿ ನಡೆಯಲ್ಲ. ಜನ ಬಕೆಟ್‌ಗಟ್ಲೆ ತಂದುಕೊಡ್ತಾರೆ. ಲಾನ್ ಕಿತ್ತು ಹಾಕಿ ಅಂದ್ರೆ ಮಾತ್ರ ಅಷ್ಟು ಉತ್ಸಾಹ ಕಾಣಲ್ಲ.

ಹೌದು, ಲಾನು. ದಡದ ಗಿಡಗಂಟಿ, ಬಿದ್ದ ಮರ, ಪೊದೆ ಇದನ್ನೆಲ್ಲಾ ಕಸ ಅಂತ ತೆಗೆದು ನೀರಿನ ಅಂಚಿನ ತನಕ ಹುಲ್ಲು ಹಾಸಿ ಮುಂದೆ ಕಲ್ಲು ಕಟ್ಟೋದು ಎಷ್ಟೋ ವರ್ಷ ಅಂತಸ್ತಿನ ಲಕ್ಷಣ ಆಗಿತ್ತು. ಆ ಗಿಡಗಂಟಿಯೇ ಗೊಬ್ಬರ, ಮಣ್ಣು ನೀರಿಗೆ ಹೋಗದ ಹಾಗೆ ತಡೆಯೋದು, ಮೀನಿನ ಮರಿಗೆ ನೆರಳು ಕೊಡೋದು. ಹುಲ್ಲು ಹಾಸಿದ್ರೆ ಕೆನಡಾ ಬಾತುಗಳು ಮೇಯೋಕೆ ಬರ್ತವೆ, ಅವು ಬಿಟ್ಟು ಹೋಗೋದೂ ಫಾಸ್ಫರಸ್ಸೇ. ಇಲ್ಲಿ ಲವ್ ಯುವರ್ ಲೇಕ್ ಅನ್ನೋ ಕಾರ್ಯಕ್ರಮದ ಜಾಣತನ ನಂಗೆ ಇಷ್ಟ ಆಯ್ತು. ತರಬೇತಿ ಪಡೆದವರು ಬೋಟಲ್ಲಿ ಹೋಗಿ ಒಂದೊಂದೇ ದಡ ನೋಡಿ ರಿಪೋರ್ಟ್ ಬರೀತಾರೆ, ಆದ್ರೆ ಅದು ಆ ಮನೆಯವರಿಗೆ ಮಾತ್ರ ಗುಟ್ಟಾಗಿ ಹೋಗುತ್ತೆ. ನೆರೆಯವರ ಮುಂದೆ ಮರ್ಯಾದೆ ಹೋಗಲ್ಲ, ಹಾಗಾಗಿ ಓದ್ತಾರೆ. ಓದಿ ಎಷ್ಟು ಜನ ಹುಲ್ಲು ತೆಗೀತಾರೆ ಅನ್ನೋದು ಬೇರೆ ಮಾತು.

ಇಷ್ಟೆಲ್ಲಾ ಸಂಘದವರೇ ಯಾಕೆ ಮಾಡ್ಬೇಕು ಅಂತ ಕೇಳಬಹುದು. ನೀರಿನ ಮೇಲೆ ಓಡೋ ಬೋಟಿಗೆ ಫೆಡರಲ್ ಸರ್ಕಾರದ ಕಾನೂನು, ಲೇಕಿನ ತಳ ಪ್ರಾಂತ್ಯದ್ದು, ದಡದ ಮೇಲಿನ ಕಟ್ಟಡ ಟೌನ್‌ಶಿಪ್ ಅಂದ್ರೆ ಸ್ಥಳೀಯ ಆಡಳಿತದ್ದು. ದಕ್ಷಿಣ ಆಂಟೇರಿಯೋದಲ್ಲಿ ಹೊಳೆ ಕೊಳ್ಳ ನೋಡ್ಕೊಳ್ಳೋಕೆ ಕನ್ಸರ್ವೇಷನ್ ಅಥಾರಿಟಿ ಅಂತ ಇರುತ್ತೆ, ಮಸ್ಕೋಕಾಕ್ಕೆ ಅದೂ ಇಲ್ಲ. ಆ ಖಾಲಿ ಜಾಗದಲ್ಲೇ 2001ರಲ್ಲಿ ಸ್ವಯಂಸೇವಕರ ವಾಟರ್‌ಶೆಡ್ ಅಂದ್ರೆ ಜಲಾನಯನದ ಕೌನ್ಸಿಲ್ ಹುಟ್ಟಿದ್ದು. ಒಂದು ಲೇಕಿನ ನೀರು ಇನ್ನೊಂದಕ್ಕೆ ಹರಿಯೋದ್ರಿಂದ ಮೇಲಿನ ಸಂಘ ಕೆಳಗಿನ ಸಂಘದ ಜೊತೆ ಮಾತಾಡದೆ ವಿಧಿ ಇಲ್ಲ. ಕಾಟೇಜಿನವರಿಗೆ ಸ್ಥಳೀಯ ಚುನಾವಣೆಯಲ್ಲಿ ಓಟೂ ಇದೆ, ವರ್ಷಪೂರ್ತಿ ಅಲ್ಲೇ ಇರೋ ಬಡಗಿ, ಪ್ಲಂಬರ್, ಅಂಗಡಿಯವರಿಗೆ ಇದು ಯಾವಾಗಲೂ ಖುಷಿ ವಿಷಯ ಅಲ್ಲ.

ಈಗಿನ ಗೋಜಲು ಏನಪ್ಪಾ ಅಂದ್ರೆ, ಫಾಸ್ಫರಸ್ ಕಡಿಮೆ ಇರೋ ಲೇಕಲ್ಲೂ ನೀಲಿ-ಹಸಿರು ಪಾಚಿ ಕಾಣಿಸ್ಕೊಳ್ತಿದೆ. ಮಂಜುಗಡ್ಡೆ ಇರೋ ದಿನ ಕಮ್ಮಿ, ನೀರು ಬೆಚ್ಚಗಿರೋ ದಿನ ಜಾಸ್ತಿ, ಹಳೇ ಸೂತ್ರದಲ್ಲಿ ಇದಕ್ಕೆ ಜಾಗ ಇಲ್ಲ. ಬರೀ ಸೂತ್ರ ನಂಬ್ಕೊಂಡು ಇಷ್ಟೇ ಕಾಟೇಜು ಅನ್ನೋದನ್ನ ಬಿಟ್ಟು ಜಿಲ್ಲೆಯವರೂ ನಿಜವಾದ ಅಳತೆ, ನಿಜವಾಗಿ ಕಂಡ ಪಾಚಿ ನೋಡೋ ಕಡೆ ವಾಲಿದ್ದಾರೆ. ಸೆಪ್ಟಿಕ್ ತಪಾಸಣೆ ಕೆಲವು ಟೌನ್‌ಶಿಪ್ಪಲ್ಲಿ ಸರದಿ ಪ್ರಕಾರ ನಡೀತಿದೆ. ಮೂರು ಬೆಡ್‌ರೂಮಿಗೆ ಅಂತ ಹೂತ ಟ್ಯಾಂಕಿಗೆ ವೀಕೆಂಡಲ್ಲಿ ಹದಿನಾಲ್ಕು ಜನ ಬಂದ್ರೆ ಅನ್ನೋ ಮಾತೂ ಅಲ್ಲಿಂದಲೇ ಬಂದಿದ್ದು. ಆ ಹದಿನಾಲ್ಕರಲ್ಲಿ ನಾವೂ ಇದ್ವಿ ಅಂತ ಒಪ್ಕೊಳ್ತೀನಿ.

ಮತ್ತೆ ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಹೆದ್ದಾರಿ 11ಕ್ಕೆ ಎರಚಿದ ಉಪ್ಪು ಕರಗಿ ಎಲ್ಲಿಗೆ ಹೋಗುತ್ತೆ ಅಂತ ಬಿಡಿಸಿ ಹೇಳ್ಬೇಕಾ. ಉಪ್ಪಿನಲ್ಲಿರೋ ಕ್ಲೋರೈಡಿಗೆ ದೇಶದ ಮಾರ್ಗಸೂಚಿ ಲೀಟರಿಗೆ 120 ಮಿಲಿಗ್ರಾಂ, ಆದ್ರೆ ಮಸ್ಕೋಕಾದಂಥ ಮೆದು, ಅಂದ್ರೆ ಕ್ಯಾಲ್ಸಿಯಂ ಕಡಿಮೆ ಇರೋ ನೀರಲ್ಲಿ ಅದಕ್ಕಿಂತ ತುಂಬಾ ಕಡಿಮೆಗೇ ಡ್ಯಾಫ್ನಿಯಾ ಒದ್ದಾಡುತ್ತೆ ಅಂತ ಈಚಿನ ಪ್ರಯೋಗಗಳು ತೋರಿಸಿವೆ. ಇದು ಸೋಪಿನ ಥರ ಅಲ್ಲ, ಅಂಗಡಿಯಲ್ಲಿ ಬೇರೆ ಪ್ಯಾಕೆಟ್ ತಗೊಂಡ್ರೆ ಮುಗಿಯಲ್ಲ. ಜನವರಿಯಲ್ಲಿ ಶುಕ್ರವಾರ ರಾತ್ರಿ ಕಾಟೇಜಿಗೆ ಹೊರಟವರೇ ರಸ್ತೆ ಕಪ್ಪಗೆ ಒಣಗಿರಲಿ ಅಂತ ಫೋನ್ ಮಾಡೋದು. ಮೇ ತಿಂಗಳಲ್ಲಿ ಬೋಟ್ ತಗೊಂಡು ಬಾಟಲಿ ತುಂಬೋಕೆ ಹೋಗೋರೂ ಅವರೇ. ಆ ನೀರಲ್ಲಿ ಮೊದಲು ಫಾಸ್ಫರಸ್ ಮಾತ್ರ ನೋಡ್ತಿದ್ರು, 2008ರಿಂದ ಕ್ಯಾಲ್ಸಿಯಂ ಸೇರ್ತು, ಈಗ ಕ್ಲೋರೈಡೂ ನೋಡ್ತಾರೆ.