ಟಿಟಿ ರೇಸಿಗೆ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿದ್ದು ಹೇಗೆ?

ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪದ ಟೂರಿಸ್ಟ್ ಟ್ರೋಫಿ, ಅಂದರೆ ಟಿಟಿ ರೇಸು, 1949ರಿಂದ 1976ರವರೆಗೆ ಮೋಟಾರ್‌ಸೈಕಲ್ ರೋಡ್ ರೇಸಿಂಗ್ ವಿಶ್ವ ಚಾಂಪಿಯನ್‌ಷಿಪ್‌ನ ಭಾಗವಾಗಿತ್ತು. 1977ರಲ್ಲಿ ಬ್ರಿಟನ್ನಿನ ಪಾಲಿನ ಆ ಪಂದ್ಯ ಸಿಲ್ವರ್‌ಸ್ಟೋನ್ ಸರ್ಕ್ಯೂಟಿಗೆ ಹೋಯಿತು. ಹೀಗೇಕಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಚಿಕ್ಕದು: 1972ರಲ್ಲಿ ಇಟಲಿಯ ಸವಾರ ಗಿಲ್ಬರ್ಟೊ ಪಾರ್ಲೊಟ್ಟಿ ಅಲ್ಲಿ ಸತ್ತರು, ಅದೇ ದೇಶದ ವಿಶ್ವ ಚಾಂಪಿಯನ್ ಜಾಕೊಮೊ ಅಗೊಸ್ಟಿನಿ ಇನ್ನು ಬರುವುದಿಲ್ಲ ಎಂದರು, ಉಳಿದ ದೊಡ್ಡ ಸವಾರರೂ ಒಬ್ಬೊಬ್ಬರಾಗಿ ದೂರ ಉಳಿದರು. ಇದರಲ್ಲಿ ಸುಳ್ಳಿಲ್ಲ. ಆದರೆ ಈ ಉತ್ತರ ಕೊನೆಯ ನಾಲ್ಕು ವರ್ಷಗಳನ್ನಷ್ಟೇ ಹೇಳುತ್ತದೆ. ರಸ್ತೆಯ ಅಪಾಯದ ಪ್ರಶ್ನೆಯ ಜೊತೆಗೆ ಸವಾರರ ಸಂಭಾವನೆಯ ಪ್ರಶ್ನೆಯೂ, ಅವರ ಮಾತಿಗೆ ಆಡಳಿತದಲ್ಲಿ ಎಷ್ಟು ಬೆಲೆ ಎಂಬ ಪ್ರಶ್ನೆಯೂ ಇಪ್ಪತ್ತು ವರ್ಷಗಳಿಂದ ಹೆಣೆದುಕೊಂಡು ಬಂದಿದ್ದವು. ಅವನ್ನು ಬಿಡಿಸಿ ನೋಡದೆ 1976ರ ನಿರ್ಧಾರ ಪೂರ್ತಿ ಅರ್ಥವಾಗುವುದಿಲ್ಲ.

ರೇಸು ಈ ದ್ವೀಪಕ್ಕೆ ಬಂದದ್ದೇ ಕಾನೂನಿನ ಕಾರಣದಿಂದ. 1903ರ ಮೋಟಾರು ಕಾಯ್ದೆ ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ಮಿತಿ ಹಾಕಿತ್ತು. ರೇಸಿಗಾಗಿ ರಸ್ತೆ ಮುಚ್ಚಲು ಅಲ್ಲಿ ಅವಕಾಶವೂ ಇರಲಿಲ್ಲ. ಟಿನ್‌ವಾಲ್ಡ್ ಎಂಬ ತನ್ನದೇ ಶಾಸನಸಭೆಯಿರುವ ಐಲ್ ಆಫ್ ಮ್ಯಾನ್ 1904ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. 1907ರ ಮೇ 28ರಂದು ನಡೆದ ಮೊದಲ ಟಿಟಿಯಲ್ಲಿ ಮ್ಯಾಚ್‌ಲೆಸ್ ಬೈಕಿನ ಚಾರ್ಲಿ ಕಾಲಿಯರ್ ಒಂಟಿ ಸಿಲಿಂಡರ್ ವರ್ಗವನ್ನೂ, ಪ್ಯೂಜೊ ಎಂಜಿನ್ ಕೂರಿಸಿದ ನಾರ್ಟನ್ ಬೈಕಿನ ರೆಮ್ ಫೌಲರ್ ಜೋಡಿ ಸಿಲಿಂಡರ್ ವರ್ಗವನ್ನೂ ಗೆದ್ದರು. ಆಗಿನ ಸರಾಸರಿ ವೇಗ ಗಂಟೆಗೆ 40 ಮೈಲಿಯನ್ನೂ ಮುಟ್ಟಿರಲಿಲ್ಲ. 1911ರಲ್ಲಿ ರೇಸು ಸ್ನೇಫೆಲ್ ಬೆಟ್ಟವನ್ನು ಬಳಸಿ ಬರುವ ದೊಡ್ಡ ಹಾದಿಗೆ ಬಂತು, ಮತ್ತು ಅದೇ ವರ್ಷದ ಅಭ್ಯಾಸದಲ್ಲಿ ವಿಕ್ಟರ್ ಸರಿಜ್ ಎಂಬ ಸವಾರ ಆ ಹಾದಿಯಲ್ಲಿ ಪ್ರಾಣ ಬಿಟ್ಟ ಮೊದಲಿಗರಾದರು.

ಈಗಿನ ಅಳತೆಯಲ್ಲಿ ಆ ಹಾದಿಯ ಒಂದು ಸುತ್ತು 37.73 ಮೈಲಿ, ಅಂದರೆ 60 ಕಿಲೋಮೀಟರಿಗೂ ಮಿಕ್ಕಿ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ತಿರುವುಗಳಿವೆ. ಡಗ್ಲಸ್ ಪಟ್ಟಣದ ಮನೆಗಳ ನಡುವೆ ಬ್ರೇ ಹಿಲ್ ಇಳಿಜಾರಿನಲ್ಲಿ ಧುಮುಕುವ ಸವಾರ, ಬಲಾ ಸೇತುವೆಯ ಉಬ್ಬಿನಲ್ಲಿ ಎರಡೂ ಗಾಲಿ ನೆಲ ಬಿಟ್ಟು ಹಾರಿ, ರಾಮ್ಸಿಯ ನಂತರ ಬೆಟ್ಟವೇರಿ, ಮತ್ತೆ ಸಮುದ್ರದ ಕಡೆಗೆ ಇಳಿದು ಬರುತ್ತಾನೆ. ಪಕ್ಕದಲ್ಲಿರುವುದು ಕಲ್ಲಿನ ಗೋಡೆ, ಪಾದಚಾರಿ ಕಟ್ಟೆ, ದೀಪದ ಕಂಬ, ಮನೆಯ ಗೇಟು. ಒಂದು ಕಡೆ ಬಿಸಿಲಿರುವಾಗ ಬೆಟ್ಟದ ಮೇಲೆ ಮಂಜು ಕವಿದಿರಬಹುದು. ಸವಾರರನ್ನು ಒಟ್ಟಿಗೆ ಬಿಡುವುದಿಲ್ಲ. ಕೆಲವು ಸೆಕೆಂಡುಗಳ ಅಂತರದಲ್ಲಿ ಹೊರಡಿಸಿ ಸಮಯದ ಲೆಕ್ಕದಲ್ಲಿ ಗೆದ್ದವರನ್ನು ನಿರ್ಧರಿಸುತ್ತಾರೆ. ಹಾದಿಯನ್ನು ಕಂಠಪಾಠ ಮಾಡಿಕೊಳ್ಳದವನಿಗೆ ಇಲ್ಲಿ ಜಾಗವಿಲ್ಲ, ಮತ್ತು ಅದಕ್ಕೆ ವರ್ಷಗಳೇ ಬೇಕು.

ಎರಡು ಮಹಾಯುದ್ಧಗಳ ನಡುವಿನ ಕಾಲವನ್ನು ನಾರ್ಟನ್, ವೆಲೊಸೆಟ್, ರಡ್ಜ್, ಸನ್‌ಬೀಮ್ ಬೈಕುಗಳೂ ಸ್ಟ್ಯಾನ್ಲಿ ವುಡ್ಸ್, ಜಿಮ್ಮಿ ಗತ್ರಿಯಂಥ ಸವಾರರೂ ಆಳಿದರು. 1939ರಲ್ಲಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸೂಪರ್‌ಚಾರ್ಜರ್ ಹಾಕಿದ ಬಿಎಂಡಬ್ಲ್ಯು ಏರಿ ಬಂದ ಜರ್ಮನಿಯ ಗಿಯಾರ್ಗ್ ಮೈಯರ್ 500 ಸಿಸಿ ಬೈಕುಗಳ ರೇಸಾದ ಸೀನಿಯರ್ ಟಿಟಿ ಗೆದ್ದಾಗ ಆ ಕಾಲ ಮುಗಿಯಿತು. ಯುದ್ಧದ ನಂತರ ಸೂಪರ್‌ಚಾರ್ಜರ್ ನಿಷೇಧವಾಯಿತು. 1949ರ ಜೂನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು ಇದೇ ದ್ವೀಪದಲ್ಲಿ, ಮತ್ತು ಆ ವರ್ಷ 500 ಸಿಸಿ ಪಟ್ಟ ಎಜೆಎಸ್ ಸವಾರ ಲೆಸ್ ಗ್ರಹಾಂ ಅವರಿಗೂ 350 ಸಿಸಿ ಪಟ್ಟ ವೆಲೊಸೆಟ್‌ನ ಫ್ರೆಡ್ಡಿ ಫ್ರಿತ್ ಅವರಿಗೂ ಸಂದಿತು.

ಬ್ರಿಟಿಷ್ ರೇಸಿಂಗ್‌ನ ಏಳುಬೀಳುಗಳೆರಡೂ ಒಟ್ಟಿಗೆ ಕಾಣುವುದು ಇದರ ಮುಂದಿನ ಹತ್ತು ವರ್ಷಗಳಲ್ಲಿ. ನಾರ್ಟನ್ ಕಾರ್ಖಾನೆಯ ರೇಸಿಂಗ್ ಬೈಕಿನ ಎಂಜಿನ್ ಒಂಟಿ ಸಿಲಿಂಡರಿನದು. ಜೋ ಕ್ರೇಗ್ ಎಂಬ ಎಂಜಿನಿಯರ್ ಅದನ್ನು ವರ್ಷದಿಂದ ವರ್ಷಕ್ಕೆ ತಿದ್ದಿ ತೀಡಿ, ಅದರಿಂದ ಹಿಂಡಬಹುದಾದ ಶಕ್ತಿಯನ್ನೆಲ್ಲ ಹಿಂಡಿದ್ದರು. ಇಟಲಿಯ ಗಿಲೆರಾ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್ನಿನ ಎದುರು ಅದು ನೇರ ರಸ್ತೆಯಲ್ಲಿ ಹಿಂದೆ ಬೀಳುತ್ತಿತ್ತು. ಅದನ್ನು ಉಳಿಸಿದ್ದು ಎಂಜಿನ್ ಅಲ್ಲ, ಫ್ರೇಮು. ಬೆಲ್‌ಫಾಸ್ಟ್‌ನ ರೆಕ್ಸ್ ಮೆಕ್ಯಾಂಡ್ಲೆಸ್ ಉಕ್ಕಿನ ಕೊಳವೆಗಳನ್ನು ಜೋಡಿ ಕುಣಿಕೆಯಂತೆ ಬಾಗಿಸಿ ಬೆಸೆದು ಮಾಡಿದ, ಹಿಂದಿನ ಗಾಲಿ ಮೇಲೆ ಕೆಳಗೆ ಆಡುವಂತೆ ಸ್ವಿಂಗಿಂಗ್ ಆರ್ಮ್ ಎಂಬ ತೋಳು ಕೊಟ್ಟ ಆ ಫ್ರೇಮಿಗೆ ‘ಫೆದರ್‌ಬೆಡ್’ ಎಂಬ ಹೆಸರು ಬಂತು. ತಿರುವಿನಲ್ಲಿ ಅದು ಕೊಡುತ್ತಿದ್ದ ಭರವಸೆಯಿಂದ, ಕಡಿಮೆ ಶಕ್ತಿಯ ಬೈಕಿನ ಸವಾರ ಬ್ರೇಕನ್ನು ತಡವಾಗಿ ಹಿಡಿದು, ಬೇಗನೆ ಆಕ್ಸಿಲರೇಟರ್ ತಿರುವಿ, ನೇರ ರಸ್ತೆಯಲ್ಲಿ ಕಳೆದುಕೊಂಡದ್ದನ್ನು ಮರಳಿ ಪಡೆಯಬಹುದಾಗಿತ್ತು. 1950ರ ಟಿಟಿಯಲ್ಲಿ ಸೀನಿಯರ್ ಮತ್ತು ಜೂನಿಯರ್ (350 ಸಿಸಿ) ಎರಡರಲ್ಲೂ ಮೊದಲ ಮೂರು ಸ್ಥಾನ ನಾರ್ಟನ್‌ಗೆ ಸಿಕ್ಕಿದವು.

ಆ ಬೈಕಿನ ಮೇಲೆ ಕೂತವರು ಲ್ಯಾಂಕಶೈರಿನ ಸೇಂಟ್ ಹೆಲೆನ್ಸ್ ಊರಿನ ಜೆಫ್ ಡ್ಯೂಕ್. ಗಾಳಿಯ ತಡೆ ಕಡಿಮೆಯಾಗಲೆಂದು ತಮ್ಮ ಊರಿನ ದರ್ಜಿಯಿಂದ ಮೈಗಂಟುವ ಒಂದೇ ತುಂಡಿನ ಚರ್ಮದ ಉಡುಪನ್ನು ಹೊಲಿಸಿಕೊಂಡವರು ಅವರು. ಇಂದು ರೇಸಿನಲ್ಲಿ ಎಲ್ಲರೂ ತೊಡುವುದು ಆ ಬಗೆಯ ಉಡುಪನ್ನೇ. 1950ರಲ್ಲಿ ಬೆಲ್ಜಿಯಂ ಮತ್ತು ಹಾಲೆಂಡಿನ ಪಂದ್ಯಗಳಲ್ಲಿ ಟೈರು ಕಿತ್ತುಬಂದು ಅಂಕ ಕಳೆದುಕೊಂಡ ಡ್ಯೂಕ್, ಗಿಲೆರಾ ಸವಾರ ಉಂಬರ್ಟೊ ಮಸೆಟ್ಟಿಗೆ ಒಂದೇ ಅಂಕದಲ್ಲಿ ಪಟ್ಟ ಬಿಟ್ಟುಕೊಟ್ಟರು. ಮರುವರ್ಷ 350 ಮತ್ತು 500 ಎರಡೂ ಪಟ್ಟಗಳು ಅವರವಾದವು. ನಾರ್ಟನ್ ಹೊಸ ಎಂಜಿನ್ ಕೊಡುವ ಲಕ್ಷಣ ಕಾಣದಿದ್ದಾಗ 1953ರಲ್ಲಿ ಅವರು ಗಿಲೆರಾ ಸೇರಿ ಸತತ ಮೂರು ವರ್ಷ 500 ಸಿಸಿ ಪಟ್ಟ ಗೆದ್ದರು. ದೇಶದ ಬೈಕು ಬಿಟ್ಟು ವಿದೇಶದ ಬೈಕು ಹತ್ತಿದರೆಂದು ಆಗ ಕೇಳಿಬಂದ ಮಾತುಗಳು ಇಂದು ಓದುವಾಗ ಅನ್ಯಾಯವೆನಿಸುತ್ತವೆ. ಸವಾರನ ಪ್ರಾಯದ ಉತ್ತಮ ವರ್ಷಗಳು ಬೆರಳೆಣಿಕೆಯವು. ಕಾರ್ಖಾನೆ ಕಾಯಬಹುದು, ಸವಾರ ಕಾಯಲಾರ. 1954ರ ಕೊನೆಗೆ ನಾರ್ಟನ್ ಮತ್ತು ಎಜೆಎಸ್ ಎರಡೂ ತಮ್ಮ ವಿಶೇಷ ಕಾರ್ಖಾನೆ ಬೈಕುಗಳನ್ನು ರೇಸಿನಿಂದ ಹಿಂದಕ್ಕೆ ಪಡೆದವು.

ಆ ನಂತರ ಬ್ರಿಟಿಷ್ ರೇಸಿಂಗನ್ನು ಹೊತ್ತವರು ಖಾಸಗಿ ಸವಾರರು. ಕಂಪನಿಗಳು ಮಾರಾಟಕ್ಕಿಟ್ಟಿದ್ದ ರೇಸಿಂಗ್ ಬೈಕುಗಳಾದ ಮ್ಯಾಂಕ್ಸ್ ನಾರ್ಟನ್ ಅಥವಾ ಎಜೆಎಸ್ 7ಆರ್ ಒಂದನ್ನು ಸ್ವಂತ ದುಡ್ಡಿನಲ್ಲಿ ಕೊಂಡು, ವ್ಯಾನಿನಲ್ಲಿ ಹೇರಿಕೊಂಡು, ಅದರಲ್ಲೇ ಮಲಗೆದ್ದು, ವಾರಕ್ಕೊಂದು ದೇಶದಂತೆ ಯುರೋಪು ಸುತ್ತುತ್ತಿದ್ದ ಇವರ ಗುಂಪಿಗೆ ‘ಕಾಂಟಿನೆಂಟಲ್ ಸರ್ಕಸ್’ ಎಂದು ಹೆಸರಿತ್ತು. ಇಂಗ್ಲಿಷರ ಜೊತೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ರೊಡೇಷಿಯಾದವರೂ ಇದರಲ್ಲಿದ್ದರು. ಬಹುಮಾನ ಮೊದಲ ಕೆಲವರಿಗಷ್ಟೇ ಸಿಗುತ್ತಿದ್ದರಿಂದ ಇವರ ಹೊಟ್ಟೆಪಾಡು ನಡೆಯುತ್ತಿದ್ದುದು ‘ಸ್ಟಾರ್ಟ್ ಮನಿ’ಯಿಂದ, ಅಂದರೆ ಪಂದ್ಯಕ್ಕೆ ಬಂದು ಸಾಲಿನಲ್ಲಿ ನಿಂತದ್ದಕ್ಕೆ ಸಂಘಟಕರು ಕೊಡುವ ಹಣದಿಂದ. ಚಾಂಪಿಯನ್‌ಷಿಪ್ ಅಲ್ಲದ ಸಣ್ಣ ಊರಿನ ಪಂದ್ಯಗಳು ಹಲವು ಸಲ ಇದನ್ನು ಧಾರಾಳವಾಗಿ ಕೊಡುತ್ತಿದ್ದವು. ಅಂಕದ ಆಸೆಗೆ ಸವಾರರು ಹೇಗೂ ಬರುತ್ತಾರೆಂಬ ಧೈರ್ಯವಿದ್ದ ದೊಡ್ಡ ಪಂದ್ಯಗಳು ಕೈ ಬಿಗಿ ಹಿಡಿಯುತ್ತಿದ್ದವು.

ಈ ಅಸಮಾಧಾನ ಒಡೆದದ್ದು 1955ರ ಜುಲೈಯಲ್ಲಿ, ಹಾಲೆಂಡಿನ ಆಸೆನ್‌ನಲ್ಲಿ. ಹೊಸದಾಗಿ ಕಟ್ಟಿದ ಸರ್ಕ್ಯೂಟಿಗೆ ಜನಸಾಗರ ಹರಿದು ಬಂದಿತ್ತು. ಆದರೂ ಖಾಸಗಿ ಸವಾರರಿಗೆ ಕೊಡುವ ಹಣ ಹೆಚ್ಚಲಿಲ್ಲ. 350 ಸಿಸಿ ರೇಸಿನಲ್ಲಿ ಅವರು ಒಂದು ಸುತ್ತು ಹಾಕಿ ಬೈಕು ನಿಲ್ಲಿಸಿಬಿಟ್ಟರು. 500 ಸಿಸಿ ರೇಸಿಗೂ ಇದೇ ಗತಿಯಾಗುವ ಸೂಚನೆ ಕಂಡಾಗ, ಕಾರ್ಖಾನೆಯಿಂದ ಒಳ್ಳೆಯ ಸಂಬಳ ಪಡೆಯುತ್ತಿದ್ದು ತಮಗೇನೂ ಲಾಭವಿಲ್ಲದಿದ್ದ ಡ್ಯೂಕ್ ಮತ್ತು ರೆಜ್ ಆರ್ಮ್‌ಸ್ಟ್ರಾಂಗ್ ಖಾಸಗಿ ಸವಾರರ ಬೆನ್ನಿಗೆ ನಿಂತರು. ಸಂಘಟಕರು ಹಣ ಏರಿಸಿದರು, ರೇಸು ನಡೆಯಿತು. ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ವರ್ಷದ ಕೊನೆಗೆ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಂ, ಪ್ರತಿಭಟಿಸಿದವರನ್ನೂ ಬೆಂಬಲಿಸಿದವರನ್ನೂ ಸೇರಿಸಿ ಹನ್ನೆರಡಕ್ಕೂ ಹೆಚ್ಚು ಸವಾರರನ್ನು ಅಮಾನತಿನಲ್ಲಿಟ್ಟಿತು. ಡ್ಯೂಕ್ ಅವರಿಗೆ 1956ರ ಜನವರಿಯಿಂದ ಆರು ತಿಂಗಳ ಶಿಕ್ಷೆಯಾಯಿತು. ಆ ವರ್ಷದ ಟಿಟಿಯೂ ಪಟ್ಟ ಉಳಿಸಿಕೊಳ್ಳುವ ಅವಕಾಶವೂ ಅದರೊಂದಿಗೆ ಹೋದವು. 500 ಸಿಸಿ ಪಟ್ಟ ಇಟಲಿಯ ಎಂವಿ ಅಗುಸ್ತಾ ಕಂಪನಿಯ ಯುವ ಸವಾರ ಜಾನ್ ಸರ್ಟೀಸ್ ಪಾಲಾಯಿತು. ಸರ್ಟೀಸ್ ಎಂಥ ಸವಾರ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಡ್ಯೂಕ್ ಮತ್ತೆಂದೂ ವಿಶ್ವ ಪಟ್ಟ ಗೆಲ್ಲಲಿಲ್ಲ.

ಟಿಟಿಯ ಕಥೆಯಲ್ಲಿ ಆಸೆನ್‌ಗೆ ಇಷ್ಟು ಜಾಗ ಯಾಕೆಂದರೆ, ಸಾಮೂಹಿಕವಾಗಿ ಮಾತಾಡಿದರೆ ಏನಾಗುತ್ತದೆ ಎಂಬುದನ್ನು ಆ ಪೀಳಿಗೆ ಅಲ್ಲಿ ಕಲಿತಿತು. ಅಲ್ಲಿಂದ ಮುಂದೆ ಬಹುಕಾಲ ಸವಾರರ ದೂರುಗಳು ಪ್ಯಾಡಕ್ಕಿನ, ಅಂದರೆ ಸವಾರರು ಬೀಡುಬಿಡುವ ಅಂಗಳದ, ಬೇಲಿ ದಾಟಲಿಲ್ಲ. ಆ ದೂರುಗಳಲ್ಲಿ ಟಿಟಿಯೂ ಇತ್ತು. ದ್ವೀಪಕ್ಕೆ ಬರುವವನು ಅಭ್ಯಾಸಕ್ಕೊಂದು, ರೇಸಿಗೊಂದು ಎಂದು ಎರಡು ವಾರ ಮೀಸಲಿಡಬೇಕು, ಹಡಗಿನ ಖರ್ಚು ಭರಿಸಬೇಕು, ಆರು ಸುತ್ತುಗಳ ಸೀನಿಯರ್ ರೇಸಿನಲ್ಲಿ 226 ಮೈಲಿ ಓಡಿಸಿ ಎಂಜಿನ್ ಸವೆಸಬೇಕು. ಅದೇ ಎರಡು ವಾರಗಳಲ್ಲಿ ಯುರೋಪಿನ ಎರಡು ಮೂರು ಪಂದ್ಯಗಳಿಂದ ಅವನು ಹೆಚ್ಚು ಗಳಿಸಬಹುದಿತ್ತು. ಬಾರದಿದ್ದರೆ ಚಾಂಪಿಯನ್‌ಷಿಪ್ ಅಂಕ ಕೈತಪ್ಪುತ್ತದೆ, ಬೈಕು ಕಂಪನಿಯ ಮುಖ ಕೆಡುತ್ತದೆ. ಬರುವುದು ಆಯ್ಕೆಯೋ ಕಟ್ಟುಪಾಡೋ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಇದೇ ಕಾಲದಲ್ಲಿ ವೇಗ ಏರುತ್ತಲೇ ಇತ್ತು. 1955ರಲ್ಲಿ ಡ್ಯೂಕ್ ಗಂಟೆಗೆ 100 ಮೈಲಿಯ ಸುತ್ತು ಹಾಕಿದರೆಂದು ಘೋಷಿಸಿ, ಬಳಿಕ ಲೆಕ್ಕ ತಿದ್ದಿ 99.97 ಎಂದರು. 1957ರಲ್ಲಿ, ಟಿಟಿಯ ಸುವರ್ಣ ವರ್ಷದಲ್ಲಿ, ಗ್ಲಾಸ್ಗೋದ ಬಾಬ್ ಮೆಕಿಂಟೈರ್ ಗಿಲೆರಾ ಬೈಕಿನಲ್ಲಿ 101.12 ಮೈಲಿ ಮುಟ್ಟಿದರು. ಆ ವರ್ಷದ ಕೊನೆಗೆ ಗಿಲೆರಾ, ಮೋಟೊ ಗುಝ್ಝಿ, ಮೊಂಡಿಯಲ್ ಎಂಬ ಇಟಲಿಯ ಕಂಪನಿಗಳು ಮೂರೂ ರೇಸಿಂಗ್ ಬಿಟ್ಟವು. 1959ರಲ್ಲಿ ಹೋಂಡಾ ಮೊದಲ ಸಲ ದ್ವೀಪಕ್ಕೆ ಕಾಲಿಟ್ಟಿತು. 1961ರಲ್ಲಿ ಇಂಗ್ಲೆಂಡಿನ ಸವಾರ ಮೈಕ್ ಹೈಲ್‌ವುಡ್ ಒಂದೇ ವಾರದಲ್ಲಿ ಮೂರು ಟಿಟಿ ಗೆದ್ದರು. ಅದರಲ್ಲಿ ಎರಡು ಹೋಂಡಾ ಬೈಕಿನಲ್ಲಿ. ಮೂರನೆಯದು, ಸೀನಿಯರ್, ಮ್ಯಾಂಕ್ಸ್ ನಾರ್ಟನ್ನಿನಲ್ಲಿ, ಇಡೀ ರೇಸಿನ ಸರಾಸರಿ 100 ಮೈಲಿ ದಾಟಿಸಿ. ಒಂಟಿ ಸಿಲಿಂಡರ್ ಬೈಕಿನ ಚರಿತ್ರೆಯಲ್ಲಿ ಅದಕ್ಕಿಂತ ಚೆಂದದ ದಿನ ಬೇರೊಂದಿಲ್ಲವೆಂಬುದು ನನ್ನ ಎಣಿಕೆ. ಕೆಲವೇ ವರ್ಷಗಳಲ್ಲಿ ಮ್ಯಾಂಕ್ಸ್ ತಯಾರಿಕೆಯೂ ನಿಂತಿತು. ಆದರೂ ಖಾಸಗಿ ಸವಾರರು ಹಳೆಯ ಬೈಕುಗಳನ್ನೇ ರಿಪೇರಿ ಮಾಡಿಕೊಂಡು ಓಡಿಸಿದರು. 1969ರ ಯುಗೊಸ್ಲಾವಿಯ ಗ್ರ್ಯಾನ್ ಪ್ರಿಯಲ್ಲಿ ಗಾಡ್‌ಫ್ರೆ ನ್ಯಾಶ್ ನಾರ್ಟನ್ ಒಂದರ ಮೇಲೆ 500 ಸಿಸಿ ರೇಸು ಗೆದ್ದದ್ದು ಆ ಹಟದ ಫಲ.

ಸಾವುಗಳ ಪಟ್ಟಿಯೂ ಜೊತೆಜೊತೆಗೆ ಬೆಳೆಯಿತು. 1953ರಲ್ಲಿ ಮೊದಲ ವಿಶ್ವ ಚಾಂಪಿಯನ್ ಲೆಸ್ ಗ್ರಹಾಂ ಬ್ರೇ ಹಿಲ್‌ನ ಬುಡದಲ್ಲಿ ತೀರಿಕೊಂಡರು. 1962ರಲ್ಲಿ ಟಾಮ್ ಫಿಲ್ಲಿಸ್ ಸತ್ತಾಗ ಗೆಳೆಯ ಗ್ಯಾರಿ ಹಾಕಿಂಗ್ ಬೈಕು ರೇಸನ್ನೇ ತೊರೆದರು. 1970ರ ಟಿಟಿಯಲ್ಲಿ ಆರು ಮಂದಿ ಸತ್ತರು. ಅವರಲ್ಲಿ ಸ್ಪೇನಿನ ಸಾಂಟಿಯಾಗೊ ಹೆರೆರೊ ಒಬ್ಬರು. 1972ರ ಜೂನ್ 9ರಂದು ಮಳೆಯಲ್ಲಿ ನಡೆದ 125 ಸಿಸಿ ರೇಸಿನಲ್ಲಿ ಮುಂದಿದ್ದ ಪಾರ್ಲೊಟ್ಟಿ ಬೆಟ್ಟದ ಮೇಲಿನ ವೆರಾಂಡಾ ತಿರುವಿನಲ್ಲಿ ಬಿದ್ದರು. ಅವರ ಸ್ನೇಹಿತ ಅಗೊಸ್ಟಿನಿ ಅದೇ ದಿನ ಸೀನಿಯರ್ ರೇಸು ಓಡಿ ಗೆದ್ದು, ಮತ್ತೆ ಬರಲಿಲ್ಲ. ಇಂಗ್ಲೆಂಡಿನ ಪ್ರಮುಖ ಸವಾರ ಫಿಲ್ ರೀಡ್ ಕೂಡ ದೂರ ಸರಿದರು. 1971ರಲ್ಲಿ ಒಮ್ಮೆ ಓಡಿ ಬಿದ್ದಿದ್ದ ಬ್ಯಾರಿ ಶೀನ್ ತಮ್ಮ ವಿರೋಧವನ್ನು ಬಹಿರಂಗವಾಗಿ ಹೇಳುತ್ತಿದ್ದರು.

ಅಪಾಯ ಈ ದ್ವೀಪಕ್ಕಷ್ಟೇ ಸೀಮಿತವಾಗಿರಲಿಲ್ಲ. 1973ರ ಮೇ ತಿಂಗಳಲ್ಲಿ ಮೊಂಜಾ ಸರ್ಕ್ಯೂಟಿನಲ್ಲಿ ಸವಾರರಾದ ಯಾರ್ನೊ ಸಾರಿನೆನ್ ಮತ್ತು ರೆಂಜೊ ಪಸೊಲಿನಿ ಒಂದೇ ಅಪಘಾತದಲ್ಲಿ ಸತ್ತರು. 1974ರಲ್ಲಿ ನೂರ್‌ಬರ್ಗ್‌ರಿಂಗ್‌ನ ಜರ್ಮನ್ ಗ್ರ್ಯಾನ್ ಪ್ರಿಯನ್ನು ಪ್ರಮುಖ ಸವಾರರೆಲ್ಲ ಬಹಿಷ್ಕರಿಸಿದರು. 1955ರಲ್ಲಿ ಒಟ್ಟಾಗಿ ನಿಂತವರನ್ನು ಅಮಾನತು ಮಾಡಬಹುದಾಗಿತ್ತು; ಈಗ ಜಪಾನಿನ ಕಂಪನಿಗಳ ಬೆಂಬಲವೂ ಟೆಲಿವಿಷನ್ನಿನ ಮುಖಪರಿಚಯವೂ ಇದ್ದ ಸವಾರರನ್ನು ಹಾಗೆ ಮಾಡುವುದು ಯಾರಿಗೂ ಸಾಧ್ಯವಿರಲಿಲ್ಲ. ಪಟ್ಟಕ್ಕಾಗಿ ಓಡುವವರೇ ಬಾರದ ಪಂದ್ಯದಲ್ಲಿ ಅಂಕ ಕೊಡುವುದಕ್ಕೆ ಅರ್ಥವೂ ಉಳಿದಿರಲಿಲ್ಲ. 1976ರ ಸೀನಿಯರ್ ಟಿಟಿಯನ್ನು ಟಾಮ್ ಹೆರಾನ್ ಗೆದ್ದರು, ಮತ್ತು ಚಾಂಪಿಯನ್‌ಷಿಪ್ ಅಂಕಗಳಿದ್ದ ಕೊನೆಯ ಸೀನಿಯರ್ ಅದೇ ಆಯಿತು.

ಪಟ್ಟ ಹೋದ ಮೇಲೆ ದ್ವೀಪದ ಆಡಳಿತ ಟಿಟಿಗೆ ಹೆಚ್ಚು ಹಣ ಹಾಕಿತು. 1977ರಿಂದ ‘ಫಾರ್ಮುಲಾ ಟಿಟಿ’ ಎಂಬ ಬೇರೊಂದು ವಿಶ್ವ ಪಟ್ಟ ಕೊಟ್ಟು ಸಮಾಧಾನಪಡಿಸಲಾಯಿತು. ಅದು 1990ರವರೆಗೆ ನಡೆಯಿತು. ಅದೇ 1977ರಲ್ಲಿ ಫಿಲ್ ರೀಡ್ ಮರಳಿ ಬಂದು ಗೆದ್ದರು. 1978ರ ಜೂನ್ 3ರಂದು, ಹನ್ನೊಂದು ವರ್ಷಗಳ ಬಿಡುವಿನ ನಂತರ, 38ರ ಹೈಲ್‌ವುಡ್ ಡುಕಾಟಿ ಬೈಕಿನಲ್ಲಿ ಫಾರ್ಮುಲಾ 1 ರೇಸು ಗೆದ್ದರು. ಇಬ್ಬರೂ ಬಂದದ್ದು ತಮ್ಮ ಇಷ್ಟದಿಂದ, ತಮಗೆ ಒಪ್ಪಿಗೆಯಾದ ಹಣಕ್ಕೆ. ಇಪ್ಪತ್ತೆರಡು ವರ್ಷಗಳ ಹಿಂದೆ ಆಸೆನ್‌ನಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಅಷ್ಟನ್ನೇ. ಆಗಲೇ ಆ ಮಾತು ನಡೆದಿದ್ದರೆ, ಹಾದಿಯ ಸುರಕ್ಷತೆಯ ಚರ್ಚೆಯೂ ಇಷ್ಟು ಕಹಿಯಾಗದೆ, ಇಷ್ಟು ತಡವಾಗದೆ ನಡೆಯುತ್ತಿತ್ತು ಎಂದು ಭಾವಿಸಲು ಕಾರಣಗಳಿವೆ.

ಇಂದು ನಾರ್ಟನ್ ಹೆಸರಿನ ಒಡೆತನ, 2020ರಿಂದ, ಹೊಸೂರು ಮತ್ತು ಮೈಸೂರಿನಲ್ಲಿ ಕಾರ್ಖಾನೆಗಳಿರುವ ಟಿವಿಎಸ್ ಕಂಪನಿಯದು. ಮ್ಯಾಂಕ್ಸ್ ನಾರ್ಟನ್ ಮಾದರಿಯ ಬೈಕುಗಳು ದ್ವೀಪದ ಹಳೆಯ ಬೈಕುಗಳ ರೇಸುಗಳಲ್ಲಿ ಈಗಲೂ ಓಡುತ್ತವೆ. ಟಿಟಿಯಲ್ಲಿ ಪೀಟರ್ ಹಿಕ್‌ಮನ್ 2023ರಲ್ಲಿ ಗಂಟೆಗೆ 136 ಮೈಲಿ ದಾಟಿದ ಸುತ್ತು ಹಾಕಿದರು. ಅದರ ಹಿಂದಿನ ವರ್ಷ, 2022ರಲ್ಲಿ, ಅದೇ ರಸ್ತೆಯಲ್ಲಿ ಮತ್ತೆ ಆರು ಮಂದಿ ಸತ್ತಿದ್ದರು. ಬರುವವರನ್ನು ಈಗ ಯಾವ ಅಂಕಪಟ್ಟಿಯೂ ಒತ್ತಾಯಿಸುವುದಿಲ್ಲ. ಆದರೂ ಪ್ರತಿ ವರ್ಷ ಓಡಲು ಬಯಸುವವರಿಗೆ ಕೊರತೆಯಿಲ್ಲ.