ಕಟ್ ಮಾಡಿದ್ದು ನೀವೇ: ಇಸ್ಪೀಟ್ ಕೈಚಳಕ ಕಲಿಯುವವರಿಗೆ ಒಂದಿಷ್ಟು ಟಿಪ್ಪಣಿ

ಬಳ್ಳಾರಿಯಲ್ಲಿ ಇಸ್ಪೀಟ್ ಕಟ್ಟು ಹಿಡಿದು ಕಟ್ಟೆ ಮೇಲೆ ಕೂತರೆ ಮೊದಲು ಬರುವ ಪ್ರಶ್ನೆ, "ಎಷ್ಟು ರೂಪಾಯಿ ಆಟ?" ಎರಡನೆಯದು ಬೈಗುಳ. ಅಂದರ್-ಬಾಹರ್‌ನಿಂದ ಎಲೆಗಳಿಗೆ ಅಷ್ಟು ಕೆಟ್ಟ ಹೆಸರು ಬಂದಿದೆ. ಅದಕ್ಕೇ ನಾನು ಕಲಿತದ್ದೆಲ್ಲ ಮನೆಯ ಹಾಲ್‌ನಲ್ಲಿ, ಫ್ಯಾನ್ ಕೆಳಗೆ, ನೆಂಟರ ಮುಂದೆ. ನೆಂಟರು ಸುಲಭದ ಜನ ಅಲ್ಲ. ಅವರು ಚಪ್ಪಾಳೆ ತಟ್ಟೋದಿಲ್ಲ, ಕೈ ಹಿಡೀತಾರೆ.

ಒಂದು ಮಾತು ಮೊದಲೇ. ಎಲೆಗಳನ್ನು ನಮ್ಮ ಮನೆಗಳಲ್ಲಿ ಕರೆಯೋ ಹಾಗೇ ಕರೆಯಿರಿ: ಆಟೀನ್, ಡೈಮಂಡ್, ಕಳಾವರ್, ಇಸ್ಪೀಟ್, ರಾಜ, ರಾಣಿ, ಗುಲಾಮ, ಎಕ್ಕ. ವಿಡಿಯೋ ನೋಡಿ ಕಲಿತವರು "ಕ್ವೀನ್ ಆಫ್ ಹಾರ್ಟ್ಸ್" ಅಂದಾಗ ಎದುರಿಗೆ ಕೂತ ಅಜ್ಜಿಗೆ ಅದು ಯಾವ ಎಲೆ ಅಂತ ತಿಳಿಯೋದರಲ್ಲೇ ಆಟ ಮುಗಿದಿರುತ್ತದೆ.

ಶುರುವಿಗೆ ಕ್ರಿಸ್-ಕ್ರಾಸ್ ಫೋರ್ಸ್. ಫೋರ್ಸ್ ಅಂದರೆ ನಮಗೆ ಬೇಕಾದ ಎಲೆಯನ್ನೇ ಅವರು ಆರಿಸುವಂತೆ ಮಾಡೋದು. ಆರಿಸಿದ್ದು ತಾವೇ ಅಂತ ಅವರಿಗೆ ಅನ್ನಿಸಬೇಕು. ಇದರಲ್ಲಿ ಬೆರಳಿನ ಕೆಲಸ ಬಹುತೇಕ ಸೊನ್ನೆ. ಆಟೀನ್ ರಾಣಿಯನ್ನು ಕಟ್ಟಿನ ಮೇಲಿಟ್ಟುಕೊಳ್ಳಿ. ಕಟ್ಟನ್ನು ಟೀಪಾಯಿ ಮೇಲಿಟ್ಟು, "ಎಲ್ಲಿ ಬೇಕೋ ಅಲ್ಲಿ ಕಟ್ ಮಾಡಿ, ಎತ್ತಿದ್ದನ್ನು ಪಕ್ಕಕ್ಕಿಡಿ" ಅನ್ನಿ. ಈಗ ರಾಣಿ ಇರೋದು ಅವರು ಪಕ್ಕಕ್ಕಿಟ್ಟ ಭಾಗದ ಮೇಲೆ. ಉಳಿದ ಕೆಳಗಿನ ಭಾಗವನ್ನು ನೀವು ಎತ್ತಿ ಅದರ ಮೇಲೆ ಅಡ್ಡ ಇಡಿ. "ನೀವು ಕಟ್ ಮಾಡಿದ ಜಾಗ ಗುರುತಿರಲಿ ಅಂತ" ಅನ್ನಿ. ಸ್ವಲ್ಪ ಹೊತ್ತಾದ ಮೇಲೆ ಅಡ್ಡ ಇಟ್ಟದ್ದನ್ನು ಎತ್ತಿ, ಕೆಳಗಿನ ಭಾಗದ ಮೊದಲ ಎಲೆ ತೋರಿಸಿ, "ನೀವು ಕಟ್ ಮಾಡಿದ್ದು ಇಲ್ಲಿ. ಈ ಎಲೆ ತಗೊಳ್ಳಿ." ಅದು ಕಟ್ಟಿನ ತುದಿಯಲ್ಲಿದ್ದ ಅದೇ ರಾಣಿ.

ಇಲ್ಲಿರುವ ಗುಟ್ಟು ಆ "ಸ್ವಲ್ಪ ಹೊತ್ತು". ನಾನು ಮೊದಲ ಸಲ ಮಾವನ ಮುಂದೆ ಮಾಡಿದಾಗ ಅಡ್ಡ ಇಟ್ಟೆ, ಮರುಕ್ಷಣವೇ ಎತ್ತಿದೆ. ಮಾವ ಎಲೆ ಮುಟ್ಟಲೇ ಇಲ್ಲ. "ಏ ತಮ್ಮಾ, ಇದು ನಾ ಎತ್ತಿಟ್ಟಿದ್ದರ ಮ್ಯಾಲಿನ ಎಲಿ ಅಲ್ಲೇನು?" ಅಂದರು. ಹಾಲ್ ತುಂಬ ನಗು. ಯಾವ ಭಾಗ ಯಾವುದು ಅನ್ನೋದು ಐದಾರು ಸೆಕೆಂಡು ಎಲ್ಲರಿಗೂ ನೆನಪಿರುತ್ತದೆ. ಅದನ್ನು ಅಳಿಸೋಕೆ ಅವರ ತಲೆಗೆ ಬೇರೆ ಕೆಲಸ ಕೊಡಬೇಕು.

ಆ ಕೆಲಸ ನನಗೆ ಸಿಕ್ಕಿದ್ದು ಮೇ ತಿಂಗಳ ಸೆಕೆಯಿಂದ. ಫ್ಯಾನ್ ಆರಿಸಿದರೆ ಯಾರೂ ಕೂರೋದಿಲ್ಲ, ಹಾಕಿದರೆ ಎಲೆ ಹಾರುತ್ತವೆ. ಹಾಗಾಗಿ ಒಂದಿನ ಸುಮ್ನೆ, "ಹಾರದಂಗೆ ಒಂದು ಬೆರಳು ಇಡ್ರಿ ಮಾವ" ಅಂದೆ. ಅವರು ಬೆರಳಿಟ್ಟರು. ನಾನು ಅವರ ಮುಖ ನೋಡಿ, "ಕಟ್ ಮಾಡುವಾಗ ನಾನು ಏನಾದ್ರೂ ಹೇಳಿದ್ನಾ? ಇಷ್ಟೇ ಎತ್ತಿ ಅಂದ್ನಾ?" ಅಂತ ಕೇಳಿದೆ. ಉತ್ತರ ಕೊಡೋಕೆ ಅವರೂ ನನ್ನ ಮುಖ ನೋಡಬೇಕಾಯಿತು. ಎಲೆ ಮರೆತರು. ರಾಣಿ ಬಂತು. ಆಮೇಲೆ ಮಾವ ಕಟ್ಟನ್ನೆಲ್ಲ ಹರಡಿ ಇನ್ನೊಂದು ಆಟೀನ್ ರಾಣಿ ಇದೆಯಾ ಅಂತ 52 ಎಲೆಯನ್ನೂ ಹುಡುಕಿದರು.

ಗಮನಿಸಿ, ಪ್ರಶ್ನೆ ನಿಜವಾದದ್ದಾಗಿರಬೇಕು. ಉತ್ತರ ಬೇಡದ ಪ್ರಶ್ನೆ ಕೇಳಿದರೆ ಅವರ ಕಣ್ಣು ನಿಮ್ಮ ಕೈ ಮೇಲೇ ಇರುತ್ತದೆ.

ಎರಡನೆಯದು ಕೀ ಕಾರ್ಡ್, ಸರಳ. ಕಟ್ಟಿನ ತಳದ ಎಲೆಯನ್ನು ಕದ್ದು ನೋಡಿಕೊಳ್ಳಿ. ಕಳಾವರ್ ಏಳು ಅಂದುಕೊಳ್ಳೋಣ. ಅವರು ಆರಿಸಿದ ಎಲೆಯನ್ನು ಕಟ್ಟಿನ ಮೇಲಿಡಿಸಿ, ಕಟ್ ಮಾಡಿಸಿ, ಕೆಳಗಿನ ಭಾಗವನ್ನು ಮೇಲಿಡಿಸಿ. ಏಳು ಈಗ ಅವರ ಎಲೆಗೆ ಅಂಟಿಕೊಂಡಿದೆ. ಮೇಲಿನಿಂದ ಒಂದೊಂದೇ ಬಿಚ್ಚಿ ಹಾಕುತ್ತ ಬನ್ನಿ. ಏಳರ ನಂತರದ್ದು ಅವರದು. ಹೀಗೇ ಹತ್ತು ಸಲ ಕಟ್ ಮಾಡಿಸಿದರೂ ಜೋಡಿ ಒಡೆಯೋದಿಲ್ಲ, ಸುತ್ತುತ್ತದೆ ಅಷ್ಟೇ. ಏಳು ಕೊನೆಗೆ ಬಂದರೆ ಅವರ ಎಲೆ ಮೊದಲನೆಯದು. ಇದು ಗೊತ್ತಿಲ್ಲದೆ ನಾನೊಮ್ಮೆ ಇಡೀ ಕಟ್ಟು ಬಿಚ್ಚಿ ಕೂತಿದ್ದೆ. ಕಲಸೋಕೆ ಮಾತ್ರ ಕೊಡಬೇಡಿ.

ಇನ್ನು ಡಬಲ್ ಲಿಫ್ಟ್. ಎರಡು ಎಲೆ ಎತ್ತಿ ಒಂದೇ ಅಂತ ತೋರಿಸೋದು. ಬಲ ಹೆಬ್ಬೆರಳಿಂದ ಮೇಲಿನ ಎರಡು ಎಲೆಯ ಹಿಂಭಾಗವನ್ನು ಕೂದಲೆಳೆಯಷ್ಟು ಎತ್ತಿ, ಆ ಸಂದನ್ನು ಎಡಗೈ ಕಿರುಬೆರಳ ಮಾಂಸದಿಂದ ಹಿಡಿಯಬೇಕು. ಎರಡನ್ನೂ ಒಟ್ಟಿಗೆ ತಿರುಗಿಸಿ ತೋರಿಸಿ, ಮತ್ತೆ ಮಗುಚಿ. ಈಗ ಮೇಲಿನ ಒಂದನ್ನೇ ತೆಗೆದು ನಡುವೆ ತೂರಿಸಿ. ಅವರು ನೋಡಿದ ಎಲೆ ಇನ್ನೂ ಮೇಲೇ ಇದೆ. ಎಲೆಯನ್ನು ಅರ್ಧ ನೀವು ತೂರಿಸಿ, ಉಳಿದರ್ಧ ಅವರ ಬೆರಳಿಂದ ತಳ್ಳಿಸಿ. ಪೂರ್ತಿ ಅವರ ಕೈಗೆ ಕೊಟ್ಟರೆ ತಿರುಗಿಸಿ ನೋಡಿಯೇ ನೋಡುತ್ತಾರೆ.

ಕಳೆದುಹೋದ ಎಲೆ ಮತ್ತೆ ಮತ್ತೆ ಮೇಲೆ ಬರುವ ಇಂಥದೇ ಆಟದಿಂದ ಎಲೆಗಳ ಜಾದೂಗಾರ ಡೈ ವರ್ನನ್ 1922ರಲ್ಲಿ ಷಿಕಾಗೋದಲ್ಲಿ ಆ ಕಾಲದ ಹೆಸರಾಂತ ಜಾದೂಗಾರ ಹೂಡಿನಿಯನ್ನು ಬೀಳಿಸಿದ್ದು. ಮೂರು ಸಲ ನೋಡಿದರೆ ಯಾವ ಆಟವನ್ನಾದರೂ ಬಿಡಿಸುತ್ತೇನೆ ಅನ್ನುತ್ತಿದ್ದ ಹೂಡಿನಿ, ತನ್ನದೇ ಸಹಿ ಇದ್ದ ಎಲೆಯನ್ನು ಏಳು ಸಲ ನೋಡಿಯೂ ಸೋತ ಅಂತ ಹೇಳುತ್ತಾರೆ. ನಾವು ವರ್ನನ್ ಅಲ್ಲ. ಒಂದೇ ಕೂಟದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಬೇಡ.

ಬೆವರಿದ ಕೈಯಲ್ಲಿ ಡಬಲ್ ಲಿಫ್ಟ್ ಮಾಡಿದರೆ ಎರಡರ ಜಾಗದಲ್ಲಿ ಮೂರು ಬರುತ್ತವೆ. ಪೌಡರ್ ಹಚ್ಚಿ ನೋಡಿದೆ, ಹತ್ತು ನಿಮಿಷಕ್ಕೆ ಮುದ್ದೆಯಾಯಿತು. ತೊಡೆ ಮೇಲೊಂದು ಒಣ ಟವೆಲ್ ಇದ್ದರೆ ಸಾಕು. ಮಕ್ಕಳಿದ್ದರೆ ಡಬಲ್ ಲಿಫ್ಟ್ ಬಿಟ್ಟು ಕೀ ಕಾರ್ಡ್ ಮಾಡಿ. ದೊಡ್ಡವರು ಮರ್ಯಾದೆಗಾದರೂ ನಿಮ್ಮ ಮುಖ ನೋಡಿ ಉತ್ತರ ಕೊಡುತ್ತಾರೆ, ಅಲ್ವಾ? ಆರು ವರ್ಷದವಳು ಕೈ ನೋಡುತ್ತಲೇ "ಹ್ಞೂಂ" ಅನ್ನುತ್ತಾಳೆ.